ಮಲೆನಾಡಿನ ಮೇಜಿನ ಮೇಲೊಂದು ಮೀನುದೋಣಿ

ಸೊರಬದ ದಂಡಾವತಿಯಲ್ಲೋ ಶಿಕಾರಿಪುರದ ಕುಮುದ್ವತಿಯಲ್ಲೋ ಒಂದು ಕಾಗದದ ದೋಣಿ ಬಿಟ್ಟರೆ, ಅದು ಮುಳುಗದೆ ಉಳಿದದ್ದೇ ಆದರೆ, ಕೊನೆಗೆ ಎಲ್ಲಿಗೆ ಹೋಗಿ ಸೇರುತ್ತದೆ? ಹೊನ್ನಾವರದ ಕಡಲು ಹತ್ತಿರವಿದ್ದರೂ ಅಲ್ಲಿಗಲ್ಲ. ದಂಡಾವತಿ ವರದೆಯನ್ನು ಸೇರುತ್ತದೆ, ವರದೆ ತುಂಗಭದ್ರೆಯನ್ನು. ಕುಮುದ್ವತಿಯ ದಾರಿಯೂ ತುಂಗಭದ್ರೆಗೇ. ಅಲ್ಲಿಂದ ಮುಂದೆ ಕೃಷ್ಣೆ, ಅದರಾಚೆ ಬಂಗಾಳ ಕೊಲ್ಲಿ. ಹೀಗೆ ನೀರೆಲ್ಲ ಪೂರ್ವಕ್ಕೆ ಹರಿಯುವ ಈ ಎರಡು ತಾಲ್ಲೂಕುಗಳ ಮಕ್ಕಳು ಸಮುದ್ರದ ಮೀನುದೋಣಿಯನ್ನು ಕಣ್ಣಾರೆ ಕಾಣುವುದು ಶಾಲೆಯ ಪ್ರವಾಸದಲ್ಲಿ ಮಾತ್ರ. ಅದೂ ದಡದಲ್ಲಿ ನಿಂತು, ಹತ್ತು ನಿಮಿಷ.

ಅಂಥ ದೋಣಿಯನ್ನು ಮನೆಯ ಮೇಜಿನ ಮೇಲೆ ಕಟ್ಟಿ ನೋಡಲು ಒಂದು ದಾರಿಯಿದೆ. ಮರದ ಮಾದರಿ ದೋಣಿಯ ಕಿಟ್‌ಗಳು ಜಗತ್ತಿನ ಅನೇಕ ದೇಶಗಳಲ್ಲಿ ತಯಾರಾಗುತ್ತವೆ; ಇಲ್ಲಿಗೂ ತರಿಸಿಕೊಳ್ಳಬಹುದು. "ಇದರಿಂದ ಪರೀಕ್ಷೆಯಲ್ಲಿ ಎಷ್ಟು ಅಂಕ ಬರುತ್ತದೆ?" ಎಂಬುದು ತಂದೆತಾಯಿಗಳ ಮೊದಲ ಪ್ರಶ್ನೆ. ಅದಕ್ಕೆ ಉತ್ತರ ಕೊಡಬೇಕಾದರೆ ಪೆಟ್ಟಿಗೆಯನ್ನೇ ಬಿಚ್ಚಬೇಕು.

ನಮ್ಮ ಕೆರೆಯ ವಿದ್ಯೆ

ಅದಕ್ಕೂ ಮೊದಲು ಊರಿನ ನೀರನ್ನು ನೋಡೋಣ. ಕೆರೆಗಳ ಸೀಮೆ ಇದು. ಬೇಸಿಗೆಯಲ್ಲಿ ನೀರು ಇಳಿದಾಗ ಊರಿಗೆ ಊರೇ ಬಿದಿರಿನ ಕೂಣಿ ಹಿಡಿದು ಕೆರೆಬೇಟೆಗೆ ಇಳಿಯುತ್ತದೆ. ಗಾಳ ಹಾಕುವ ಹುಡುಗನಿಗೆ ಬೆಂಡು ಏಕೆ ತೇಲುತ್ತದೆಂದು ಯಾರೂ ಹೇಳಿಕೊಡಬೇಕಾಗಿಲ್ಲ. ಜೌಗಿನಲ್ಲಿ ಬೆಳೆಯುವ ಬೆಂಡಿನ ಗಿಡದ ಕಾಂಡದೊಳಗೆ ಗಾಳಿ ತುಂಬಿದ ಸಣ್ಣ ಸಣ್ಣ ಕೋಶಗಳಿವೆ. ಅದೇ ಬೆಂಡಿನಿಂದ ಗುಡಿಗಾರರು ಮದುವೆಯ ಬಾಸಿಂಗ ಮಾಡುತ್ತಾರೆ.

ತುಂಗಭದ್ರೆಯ ಹರಿಗೋಲಿನ ವಿಷಯವೇ ಬೇರೆ. ಅದು ಬಿದಿರಿನ ದುಂಡನೆಯ ಬುಟ್ಟಿ. ಹಿಂದೆ ಅದಕ್ಕೆ ಚರ್ಮ ಹೊದಿಸುತ್ತಿದ್ದರು. ಈಗ ಪ್ಲಾಸ್ಟಿಕ್ ಹಾಳೆ ಹೊದಿಸಿ ಡಾಂಬರು ಬಳಿಯುತ್ತಾರೆ. ಆಳವಿಲ್ಲದ, ಬಂಡೆಗಳ ನಡುವಿನ ನೀರಿಗೆ ಅದಕ್ಕಿಂತ ಒಳ್ಳೆಯ ವಾಹನವಿಲ್ಲ. ಆದರೆ ಹುಟ್ಟು ಹಾಕಲು ಗೊತ್ತಿಲ್ಲದವರು ಕೂತರೆ ಅದು ಬುಗುರಿಯಂತೆ ತಿರುಗುತ್ತದೆ. ಕಾರಣ, ಅದಕ್ಕೆ ಮುಂದು ಹಿಂದು ಎಂಬುದಿಲ್ಲ, ಅಡಿಯಲ್ಲಿ ಬೆನ್ನುಮೂಳೆಯೂ ಇಲ್ಲ. ಸಮುದ್ರದ ಮೀನುದೋಣಿಗೆ ಅವೆರಡೂ ಇವೆ. ಕಿಟ್‌ನ ಪಾಠ ಶುರುವಾಗುವುದು ಆ ಬೆನ್ನುಮೂಳೆಯಿಂದಲೇ.

ಪೆಟ್ಟಿಗೆಯೊಳಗೆ ಏನಿದೆ?

ಪೆಟ್ಟಿಗೆಯಲ್ಲಿ ದೋಣಿ ಇರುವುದಿಲ್ಲ, ಅದರ ಎಲುಬುಗಳಿರುತ್ತವೆ. ಅಡಿಯುದ್ದಕ್ಕೂ ಹೋಗುವ ಬೆನ್ನೆಲುಬಿನ ಒಂದು ಮರ, ಅದಕ್ಕೆ ಅಡ್ಡಲಾಗಿ ಕೂರುವ ಪಕ್ಕೆಲುಬುಗಳು, ಒಂದೆರಡು ಮಿಲಿಮೀಟರ್ ದಪ್ಪದ ಉದ್ದನೆಯ ಹಲಗೆಪಟ್ಟಿಗಳು, ಚುಕ್ಕಾಣಿ, ದಾರ, ಬಲೆಯ ತುಂಡು ಮತ್ತು ಒಂದು ನಕ್ಷೆ. ಕತ್ತರಿಸಲು ಬ್ಲೇಡು, ನುಣುಪು ಮಾಡಲು ಸ್ಯಾಂಡ್‌ಪೇಪರ್, ಅಂಟು ಒಣಗುವ ತನಕ ಬಿಗಿಯಾಗಿ ಹಿಡಿಯಲು ಬಟ್ಟೆಗೆ ಹಾಕುವ ಕ್ಲಿಪ್ಪು ಸಾಕು.

ಪಕ್ಕೆಲುಬುಗಳು ಬೆನ್ನೆಲುಬಿಗೆ ನೇರ ಲಂಬವಾಗಿ ನಿಲ್ಲಬೇಕು. ಇಲ್ಲಿ ಮೂಲೆಮಟ್ಟವಿಟ್ಟು ನೋಡದೆ ಅವಸರ ಮಾಡಿದರೆ ಮುಂದಿನ ಎಲ್ಲ ಕೆಲಸವೂ ಸೊಟ್ಟಗಾಗುತ್ತದೆ. ಹಲಗೆ ಅಂಟಿಸುವಾಗ ಎಡಕ್ಕೊಂದು, ಬಲಕ್ಕೊಂದು ಎಂದು ಸರದಿಯಲ್ಲಿ ಅಂಟಿಸಬೇಕು. ಒಂದೇ ಬದಿಯನ್ನು ಮುಗಿಸಹೊರಟರೆ ಬಾಗಿದ ಹಲಗೆಗಳ ಎಳೆತಕ್ಕೆ ಬೆನ್ನೆಲುಬೇ ಡೊಂಕಾಗುತ್ತದೆ. ಬಲಗಳ ಸಮತೋಲನ ಎಂಬ ಮಾತಿನ ಅರ್ಥ ಆಗ ಬೆರಳಿಗೇ ತಿಳಿಯುತ್ತದೆ.

ಇನ್ನೊಂದು ಮೋಜಿನ ಲೆಕ್ಕವಿದೆ. ದೋಣಿ ನಡುವಿನಲ್ಲಿ ದಪ್ಪ, ಮೂತಿಯಲ್ಲಿ ಸಪೂರ. ಒಂದು ಕಾಗದದ ಪಟ್ಟಿಯನ್ನು ನಡುವಿನ ಪಕ್ಕೆಲುಬಿನ ಮೇಲೆ ಸುತ್ತಿ ಅಳೆದಾಗ 60 ಮಿಲಿಮೀಟರ್ ಬಂತೆನ್ನಿ. 5 ಮಿಲಿಮೀಟರ್ ಅಗಲದ ಹಲಗೆಯಾದರೆ 12 ಬೇಕು. ಮೂತಿಯ ಹತ್ತಿರ ಅದೇ ಅಳತೆ 36 ಮಿಲಿಮೀಟರ್ ಮಾತ್ರ. ಹನ್ನೆರಡೂ ಹಲಗೆಗಳು ಅಲ್ಲಿ ಹಿಡಿಸಬೇಕಾದರೆ ಪ್ರತಿಯೊಂದನ್ನೂ ತುದಿಯಲ್ಲಿ 3 ಮಿಲಿಮೀಟರ್‌ಗೆ ಸಣ್ಣ ಮಾಡಬೇಕು. ಭಾಗಾಕಾರ ತಪ್ಪಿದರೆ ಕೆಂಪು ಶಾಯಿಯ ಗುರುತು ಬೀಳುವುದಿಲ್ಲ. ಹಲಗೆ ಕೂರುವುದಿಲ್ಲ, ಅಷ್ಟೇ.

ಹಲಗೆ ಬಾಗುವ ಗುಟ್ಟು

ಒಣಗಿದ ಹಲಗೆಪಟ್ಟಿಯನ್ನು ಮೂತಿಯ ತಿರುವಿಗೆ ಬಾಗಿಸಿದರೆ ಪಟ್ಟನೆ ಮುರಿಯುತ್ತದೆ. ಬಿಸಿನೀರಿನಲ್ಲಿ ಸ್ವಲ್ಪ ಹೊತ್ತು ನೆನೆಸಿದರೆ ಬಾಗುತ್ತದೆ. ಬಾಗಿಸಿ ಕಟ್ಟಿಟ್ಟರೆ ಒಣಗಿದ ಮೇಲೂ ಬಹುಮಟ್ಟಿಗೆ ಆ ಆಕಾರದಲ್ಲೇ ಉಳಿಯುತ್ತದೆ. ಮರದ ನಾರುಗಳನ್ನು ಒಂದಕ್ಕೊಂದು ಬೆಸೆಯುವ ಲಿಗ್ನಿನ್ ಎಂಬ ವಸ್ತು ಶಾಖ ಮತ್ತು ತೇವಕ್ಕೆ ಮೆದುವಾಗಿ, ಆರಿದಾಗ ಮತ್ತೆ ಗಟ್ಟಿಯಾಗುವುದೇ ಇದಕ್ಕೆ ಕಾರಣ. ಅಡಿಕೆ ಸೀಮೆಯವರಿಗೆ ಇದು ಹೊಸತೇನಲ್ಲ. ನೆನೆಸಿದ ಅಡಿಕೆ ಹಾಳೆಯನ್ನು ಬಿಸಿ ಅಚ್ಚಿನಲ್ಲಿ ಒತ್ತಿ ತಟ್ಟೆ ಮಾಡುವುದರ ಹಿಂದಿರುವುದೂ ಇದೇ ಗುಣ.

ದಪ್ಪಕ್ಕೂ ಒಂದು ನಿಯಮವಿದೆ. ಹಲಗೆಯ ದಪ್ಪವನ್ನು ಅರ್ಧಕ್ಕೆ ಇಳಿಸಿದರೆ ಬಾಗಿಸಲು ಬೇಕಾದ ಬಲ ಅರ್ಧವಾಗುವುದಿಲ್ಲ, ಎಂಟನೆಯ ಒಂದು ಪಾಲಾಗುತ್ತದೆ. ಎರಡು ಅಳತೆಯ ಪಟ್ಟಿ ಹಿಡಿದು ಬಾಗಿಸಿ ನೋಡಿದ ವಿದ್ಯಾರ್ಥಿ ಇದನ್ನು ಮರೆಯುವುದಿಲ್ಲ.

ತೇಲಿದರೆ ಸಾಲದು

ಒಳಗೂ ಹೊರಗೂ ವಾರ್ನಿಷ್ ಬಳಿದು ಚೆನ್ನಾಗಿ ಒಣಗಿಸಿದ ಮೇಲೆ, ಮೇಲಿನ ಅಟ್ಟ ಹಾಕುವುದಕ್ಕೆ ಮೊದಲು, ದೋಣಿಯನ್ನು ನೀರಿನ ತೊಟ್ಟಿಗೆ ಬಿಡಬೇಕು. ಸಾಮಾನ್ಯ ಬಿಳಿ ಅಂಟು ನೀರಿಗೆ ಸಡಿಲವಾಗುವುದರಿಂದ ವಾರ್ನಿಷ್ ತಪ್ಪಿಸುವಂತಿಲ್ಲ. ದೋಣಿ ತನ್ನ ತೂಕದಷ್ಟೇ ತೂಕದ ನೀರನ್ನು ಪಕ್ಕಕ್ಕೆ ತಳ್ಳಿ ತೇಲುತ್ತದೆ. ಆರ್ಕಿಮಿಡೀಸನ ಈ ತತ್ವ ಎಲ್ಲ ಪುಸ್ತಕದಲ್ಲೂ ಇದೆ. ಆದರೆ ಬರಿದಾದ ಮಾದರಿ ದೋಣಿ ಅನೇಕ ಸಲ ಪಕ್ಕಕ್ಕೆ ವಾಲಿ ಮಲಗಿಬಿಡುತ್ತದೆ! ತೇಲುವುದು ಬೇರೆ, ನೆಟ್ಟಗೆ ನಿಲ್ಲುವುದು ಬೇರೆ ಎಂಬ ಮಾತು ಆಗ ಅರ್ಥವಾಗುತ್ತದೆ.

ಒಂದು ಪ್ರಯೋಗ ಮಾಡಬಹುದು. ನಾಲ್ಕು ನಾಣ್ಯಗಳನ್ನು ದೋಣಿಯ ತಳದಲ್ಲಿಟ್ಟು ಪಕ್ಕಕ್ಕೆ ತಳ್ಳಿ ನೋಡಿ. ಅದು ತೂಗಿ ಮತ್ತೆ ನೆಟ್ಟಗಾಗುತ್ತದೆ. ಅದೇ ನಾಣ್ಯಗಳನ್ನು ನಡುವಿನ ಕಂಬದ ತುದಿಗೆ ಕಟ್ಟಿ ತಳ್ಳಿದರೆ ಮಗುಚುತ್ತದೆ. ತೂಕ ಅಷ್ಟೇ ಇದ್ದರೂ ಗುರುತ್ವ ಕೇಂದ್ರ ಮೇಲೇರಿತು.

ದೊಡ್ಡವರೂ ಇದನ್ನು ಕಲಿತದ್ದು ಪ್ರಾಣದ ಬೆಲೆ ತೆತ್ತು. ಸ್ವೀಡನ್ನಿನ ರಾಜ ಕಟ್ಟಿಸಿದ ವಾಸಾ ಎಂಬ ಭಾರೀ ಯುದ್ಧನೌಕೆ 1628ರ ಆಗಸ್ಟ್ 10ರಂದು ಮೊದಲ ಯಾನಕ್ಕೆ ಹೊರಟು, ಸುಮಾರು 1,300 ಮೀಟರ್ ಸಾಗುವಷ್ಟರಲ್ಲಿ ಗಾಳಿಗೆ ವಾಲಿ ಮುಳುಗಿತು. ಹಡಗಿನ ಮೇಲ್ಭಾಗದ ಭಾರ ಹೆಚ್ಚಾಗಿತ್ತು. ಅದಕ್ಕೂ ಮೊದಲು 30 ಜನರನ್ನು ಅಟ್ಟದ ಮೇಲೆ ಈ ಬದಿಯಿಂದ ಆ ಬದಿಗೆ ಓಡಿಸಿ ಪರೀಕ್ಷಿಸಿದ್ದರು. ಮೂರೇ ಸಲಕ್ಕೆ ಹಡಗು ಅಪಾಯಕಾರಿಯಾಗಿ ತೂಗಿದ್ದರಿಂದ ಪರೀಕ್ಷೆಯನ್ನು ನಿಲ್ಲಿಸಿದರು; ಆದರೆ ಯಾನವನ್ನು ನಿಲ್ಲಿಸಲಿಲ್ಲ. 1961ರಲ್ಲಿ ಮೇಲೆತ್ತಿದ ಆ ಹಡಗು ಈಗ ಸ್ಟಾಕ್‌ಹೋಮಿನ ವಸ್ತುಸಂಗ್ರಹಾಲಯದಲ್ಲಿದೆ. ಬಲೆ, ಮೀನು, ಮಂಜುಗಡ್ಡೆ ಹೇರುವ ನಮ್ಮ ಕರಾವಳಿಯ ದೋಣಿಗಳಿಗೂ ಇದೇ ನಿಯಮ. ಭಾರ ತಳದಲ್ಲಿರಬೇಕು.

ಸಣ್ಣದರಿಂದ ದೊಡ್ಡದಕ್ಕೆ

ನಕ್ಷೆಯ ಮೂಲೆಯಲ್ಲಿ 1:24 ಎಂದು ಬರೆದಿದ್ದರೆ 12 ಮೀಟರ್ ದೋಣಿ ಮೇಜಿನ ಮೇಲೆ 50 ಸೆಂಟಿಮೀಟರ್ ಆಗುತ್ತದೆ ಎಂದರ್ಥ. ಹಾಗಾದರೆ ತೂಕ? 24ನೆಯ ಒಂದು ಪಾಲು ಎನ್ನುವವರೇ ಹೆಚ್ಚು. ಉದ್ದ, ಅಗಲ, ಎತ್ತರ ಮೂರೂ ಇಳಿಯುವುದರಿಂದ 24ನ್ನು ಮೂರು ಸಲ ಗುಣಿಸಬೇಕು: 13,824. ಅಂದರೆ ಸುಮಾರು 13.8 ಟನ್ ತೂಗುವ ದೋಣಿಯ ಮಾದರಿ ಸರಿಯಾದ ಗೆರೆಯವರೆಗೆ ಮುಳುಗಿ ತೇಲಬೇಕಾದರೆ 1 ಕಿಲೋ ತೂಗಬೇಕು.

1870ರ ದಶಕದ ಆರಂಭದಲ್ಲಿ ಇಂಗ್ಲೆಂಡಿನ ಟಾರ್ಕಿಯಲ್ಲಿ ವಿಲಿಯಂ ಫ್ರೌಡ್ ಎಂಬ ಎಂಜಿನಿಯರ್ ಉದ್ದನೆಯ ನೀರಿನ ತೊಟ್ಟಿಯೊಂದನ್ನು ಕಟ್ಟಿ, ಮೇಣದ ಮಾದರಿ ಹಡಗುಗಳನ್ನು ಎಳೆದು ಪ್ರಯೋಗ ನಡೆಸಿದರು. ಮಾದರಿ ಎಷ್ಟು ಪಟ್ಟು ಚಿಕ್ಕದೋ ಆ ಸಂಖ್ಯೆಯ ವರ್ಗಮೂಲದಷ್ಟು ಪಟ್ಟು ವೇಗವನ್ನು ಇಳಿಸಿದರೆ, ಎರಡರ ಸುತ್ತ ಏಳುವ ಅಲೆಗಳ ವಿನ್ಯಾಸ ಒಂದೇ ತೆರನಾಗಿರುತ್ತದೆ ಎಂದು ತೋರಿಸಿದರು. 24ರ ವರ್ಗಮೂಲ ಸುಮಾರು 4.9. ಗಂಟೆಗೆ 15 ಕಿಲೋಮೀಟರ್ ಓಡುವ ದೋಣಿಯ ಅಲೆ ನೋಡಬೇಕಾದರೆ ಮಾದರಿಯನ್ನು ಗಂಟೆಗೆ 3 ಕಿಲೋಮೀಟರ್ ವೇಗದಲ್ಲಿ, ಅಂದರೆ ದಡದ ಮೇಲೆ ನಿಧಾನ ನಡೆಯುತ್ತ ದಾರದಲ್ಲಿ ಎಳೆದರಾಯಿತು. ಹಡಗು ಕಟ್ಟುವವರು ಇಂದಿಗೂ ಮೊದಲು ಮಾದರಿಯನ್ನು ಎಳೆದು ನೋಡುತ್ತಾರೆ. ಖರಗ್‌ಪುರ ಮತ್ತು ಮದ್ರಾಸಿನ ಐಐಟಿಗಳಲ್ಲಿ ಇಂಥ ತೊಟ್ಟಿಗಳಿವೆ. ಹಡಗು ವಿನ್ಯಾಸ ಅಲ್ಲಿಯ ಪದವಿ ವಿಷಯವೂ ಹೌದು. ಮೀನುಗಾರಿಕೆಯಲ್ಲಿ ಆಸಕ್ತಿಯಿದ್ದವರಿಗೆ 1969ರಿಂದ ಮಂಗಳೂರಿನಲ್ಲಿ ಮೀನುಗಾರಿಕೆ ಕಾಲೇಜೇ ಇದೆ.

ಕಿಟ್ ಇಲ್ಲದಿದ್ದರೆ?

ಕಿಟ್ ದುಬಾರಿಯೆನಿಸಿದರೆ ಬಿಟ್ಟುಬಿಡಿ. ವಿಜ್ಞಾನಕ್ಕೆ ಪೆಟ್ಟಿಗೆಯ ಹಂಗಿಲ್ಲ. ಪಕ್ಕೆಲುಬುಗಳಿಗೆ ದಪ್ಪ ರಟ್ಟು, ಹಲಗೆಗೆ ಸೀಳಿದ ಬಿದಿರು ಅಥವಾ ಐಸ್‌ಕ್ರೀಂ ಕಡ್ಡಿ ಆಗುತ್ತದೆ. ಹಗುರ ಮರ ಬೇಕೆಂದರೆ ಬೂರುಗವಿದೆ, ಹಾಲೆ ಮರವಿದೆ. ಹಿಂದೆ ಮಕ್ಕಳು ಬರೆಯುವ ಹಲಗೆಗಳನ್ನು ಹಾಲೆ ಮರದಿಂದ ಮಾಡುತ್ತಿದ್ದುದರಿಂದಲೇ ಸಸ್ಯಶಾಸ್ತ್ರದಲ್ಲಿ ಅದಕ್ಕೆ 'ಸ್ಕಾಲಾರಿಸ್' ಎಂಬ ಹೆಸರು ಬಂದಿದೆ.

ಮರದ ಎಳೆ ಯಾವ ಕಡೆಗಿದೆ, ಉಳಿ ಎತ್ತ ಸಾಗಬೇಕು ಎಂದು ಕೇಳಲು ದೂರ ಹೋಗಬೇಕಾಗಿಲ್ಲ. ಸೊರಬ, ಸಾಗರಗಳ ಗುಡಿಗಾರರು ಶ್ರೀಗಂಧದಲ್ಲಿ, ಶಿವನೆ ಮರದಲ್ಲಿ ಕೆತ್ತಿದ ಮೂರ್ತಿ, ಪೆಟ್ಟಿಗೆಗಳು ದೇಶವಿದೇಶಗಳಿಗೆ ಹೋಗಿವೆ. ಗಂಧದ ಮರ ದುರ್ಲಭವಾಗಿದೆ, ಅದರ ಜೊತೆಗೆ ಉಳಿ ಹಿಡಿಯುವ ಎಳೆಯ ಕೈಗಳೂ ಕಡಿಮೆಯಾಗಿವೆ. ಎಳೆಗೆ ವಿರುದ್ಧ ಉಳಿಯಿಟ್ಟರೆ ಮರ ಸಿಡಿಯುತ್ತದೆ ಎಂಬ ತಿಳಿವಳಿಕೆ ಪುಸ್ತಕದಿಂದ ಬರುವುದಿಲ್ಲ. ಬಲ್ಲವರ ಪಕ್ಕ ಕೂತು ಕಲಿಯಬೇಕು. ಕಡಲಲ್ಲೂ ಮರದ ದೋಣಿಯ ಜಾಗಕ್ಕೆ ಉಕ್ಕು, ಫೈಬರ್ ಗ್ಲಾಸ್ ಬಂದಿವೆ. ಎರಡೂ ಕಡೆ ಕೈಬಿಟ್ಟು ಹೋಗುತ್ತಿರುವುದು ಒಂದೇ ವಿದ್ಯೆ.

ಇನ್ನು ತಂದೆತಾಯಿಗಳ ಪ್ರಶ್ನೆ. ದೋಣಿಗೆಂದು ಪ್ರಶ್ನೆಪತ್ರಿಕೆಯಲ್ಲಿ ಅಂಕವಿಲ್ಲ, ನಿಜ. ಆದರೆ ಸಾಂದ್ರತೆ, ಗುರುತ್ವ ಕೇಂದ್ರ, ಅನುಪಾತ, ಘನ, ವರ್ಗಮೂಲ ಇವೆಲ್ಲ ಪಠ್ಯದಲ್ಲಿವೆ, ದೋಣಿಯಲ್ಲೂ ಇವೆ. ಬಾಯಿಪಾಠ ಮಾಡಿದ್ದು ಪರೀಕ್ಷೆ ಮುಗಿದ ವಾರಕ್ಕೆ ಹೋಗುತ್ತದೆ. ಕೈಯಿಂದ ಮಾಡಿದ್ದು ಉಳಿಯುತ್ತದೆ. ಬೇಸಿಗೆ ರಜೆಯಲ್ಲಿ ದಿನಕ್ಕೊಂದು ಗಂಟೆ ಸಾಕು. ಬ್ಲೇಡು ಹಿಡಿಯುವಾಗ ದೊಡ್ಡವರು ಪಕ್ಕದಲ್ಲಿರಲಿ, ನೀರಿಗೆ ಬಿಡುವುದು ಮನೆಯ ತೊಟ್ಟಿಯಲ್ಲೇ ಇರಲಿ. ಹಲಗೆ ಮುರಿದರೆ ಗದರದೆ, ಏಕೆ ಮುರಿಯಿತು ಎಂದು ಮಗುವನ್ನೇ ಕೇಳಿ. ಆ ಉತ್ತರ ಹುಡುಕುವಾಗಲೇ ವಿಜ್ಞಾನದ ಪಾಠ ಆರಂಭವಾಗಿರುತ್ತದೆ.