ಐದು ತಾಲ್ಲೂಕು, ಐದು ಪಾಠ

ಪಿಯುಸಿ ಜೀವಶಾಸ್ತ್ರವೆಂದರೆ ಬಾಯಿಪಾಠ ಎಂಬ ಮಾತು ನಮ್ಮ ಕಡೆ ಬೇರು ಬಿಟ್ಟಿದೆ. ಭೌತಶಾಸ್ತ್ರಕ್ಕೆ ಲೆಕ್ಕ ಬರಬೇಕು, ರಸಾಯನಶಾಸ್ತ್ರಕ್ಕೆ ಸಮೀಕರಣ ಬರಬೇಕು, ಜೀವಶಾಸ್ತ್ರಕ್ಕೆ ನೆನಪಿನ ಶಕ್ತಿಯೊಂದಿದ್ದರೆ ಸಾಕು ಎನ್ನುತ್ತಾರೆ. ಮಕ್ಕಳೂ ಅದನ್ನೇ ನಂಬಿ ಉದ್ದುದ್ದ ಹೆಸರುಗಳನ್ನು ಉರು ಹೊಡೆಯುತ್ತಾರೆ. ಪರೀಕ್ಷೆ ಮುಗಿದ ವಾರಕ್ಕೆ ಎಲ್ಲ ಮರೆತುಹೋಗುತ್ತದೆ.

ನಾನು ಓದಿದ್ದು ಬಿ.ಕಾಂ. ಬ್ಯಾಂಕಿನಲ್ಲಿ ಗುಮಾಸ್ತನಾಗಿ ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ಕಡೆಯ ಶಾಖೆಗಳಲ್ಲೇ ಸವೆದವನು. ಈಗ ಎಪ್ಪತ್ತು ದಾಟಿದೆ. ಎರಡನೇ ಪಿಯುಸಿ ಓದುವ ಮೊಮ್ಮಗಳಿಗೆ ಪ್ರಶ್ನೆ ಕೇಳಿ ಉತ್ತರ ಒಪ್ಪಿಸಿಕೊಳ್ಳುವ ಕೆಲಸ ನನ್ನ ಪಾಲಿಗೆ ಬಂತು. "ತಾತ, ನೀನು ಪುಸ್ತಕ ನೋಡಿ ಕೇಳು, ನಾನು ಹೇಳ್ತೀನಿ" ಎಂದಳು. ಹಾಗೆ ಪುಸ್ತಕ ಹಿಡಿದವನು ಪೂರ್ತಿ ಓದಿದೆ. ಅದರ ಮುಖ್ಯ ಪರಿಕಲ್ಪನೆಗಳೆಲ್ಲ ನಮ್ಮ ಐದು ತಾಲ್ಲೂಕುಗಳ ಹೊಲ, ಗುಡ್ಡ, ಕೆರೆಗಳಲ್ಲೇ ಸಿಗುತ್ತವೆ. ಒಂದೊಂದು ತಾಲ್ಲೂಕಿಗೆ ಒಂದೊಂದು ಪಾಠದಂತೆ ಇಲ್ಲಿ ಬರೆದಿದ್ದೇನೆ.

ಕೂಡ್ಲಿಗಿ: ಕರಡಿಯ ಹಲ್ಲು

ಕೂಡ್ಲಿಗಿ ತಾಲ್ಲೂಕಿನ ಗುಡೇಕೋಟೆ ಬಂಡೆಗುಡ್ಡಗಳ ಸೀಮೆ. ಇಲ್ಲಿನ ಕುರುಚಲು ಕಾಡನ್ನು ಸರ್ಕಾರ 2013ರಲ್ಲಿ ಕರಡಿಧಾಮವೆಂದು ಘೋಷಿಸಿತು. ನಮ್ಮ ಕರಡಿಯ ಬಾಯಲ್ಲಿ ಒಂದು ವಿಶೇಷವಿದೆ. ಮೇಲಿನ ಸಾಲಿನ ನಡುವಿನ ಎರಡು ಬಾಚಿಹಲ್ಲು ಅದಕ್ಕಿಲ್ಲ. ಉದ್ದನೆಯ ಉಗುರಿನಿಂದ ಹುತ್ತ ಕೆದರಿ, ಮೂಗಿನ ಹೊಳ್ಳೆ ಮುಚ್ಚಿಕೊಂಡು, ತುಟಿಯನ್ನು ಕೊಳವೆಯಂತೆ ಮಾಡಿ, ಆ ಹಲ್ಲಿಲ್ಲದ ಸಂದಿಯಿಂದ ಗೆದ್ದಲನ್ನು ಜೋರಾಗಿ ಹೀರುತ್ತದೆ. ಆ ಸದ್ದು ನೂರು ಮೀಟರ್ ಆಚೆಗೂ ಕೇಳಿಸುತ್ತದೆ.

ಪುಸ್ತಕದಲ್ಲಿ ಇದನ್ನು ಹೊಂದಾಣಿಕೆ ಎನ್ನುತ್ತಾರೆ. ಆದರೆ ಯಾವ ಕರಡಿಯೂ ಹಲ್ಲು ಬೇಡವೆಂದು ತೀರ್ಮಾನಿಸಲಿಲ್ಲ. ಒಂದೇ ಜಾತಿಯ ಪ್ರಾಣಿಗಳಲ್ಲೂ ಚಿಕ್ಕಪುಟ್ಟ ವ್ಯತ್ಯಾಸಗಳು ಹುಟ್ಟಿನಿಂದಲೇ ಇರುತ್ತವೆ. ಗೆದ್ದಲು ಹೀರಲು ಅನುಕೂಲವಾದ ಬಾಯಿ ಇದ್ದವು ಹೊಟ್ಟೆ ತುಂಬಿಸಿಕೊಂಡು ಹೆಚ್ಚು ಮರಿ ಉಳಿಸಿದವು. ಆ ಗುಣ ಮರಿಗಳಿಗೂ ಬಂತು. ಸಾವಿರಾರು ತಲೆಮಾರು ಹೀಗೆ ನಡೆದರೆ ಇಡೀ ಜಾತಿಯೇ ಹಾಗಾಗುತ್ತದೆ. 1859ರಲ್ಲಿ ಡಾರ್ವಿನ್ ತನ್ನ ಪುಸ್ತಕದಲ್ಲಿ ವಿವರಿಸಿದ ನಿಸರ್ಗದ ಆಯ್ಕೆ ಎಂದರೆ ಇದೇ.

ಹುತ್ತದೊಳಗೆ ಇನ್ನೊಂದು ಪಾಠವಿದೆ. ಹುತ್ತ ಕಟ್ಟುವ ನಮ್ಮ ಗೆದ್ದಲಿಗೆ ಒಣಕಟ್ಟಿಗೆಯನ್ನು ತಾನೊಂದೇ ಚೆನ್ನಾಗಿ ಅರಗಿಸಿಕೊಳ್ಳಲು ಆಗದು. ಅದು ಹುತ್ತದೊಳಗೆ ಒಂದು ಬಗೆಯ ಶಿಲೀಂಧ್ರವನ್ನು ಸಾಕುತ್ತದೆ. ಶಿಲೀಂಧ್ರ ಕಟ್ಟಿಗೆಯನ್ನು ಮೆತ್ತಗೆ ಮಾಡಿಕೊಡುತ್ತದೆ, ಗೆದ್ದಲು ಅದಕ್ಕೆ ಮನೆ ಮತ್ತು ಮೇವು ಕೊಡುತ್ತದೆ. ಮಳೆಗಾಲದಲ್ಲಿ ಹುತ್ತದ ಮೇಲೆ ಏಳುವ ಅಣಬೆ ಅದೇ ಶಿಲೀಂಧ್ರದ್ದು. ಎರಡೂ ಜೀವಿಗಳಿಗೆ ಲಾಭವಿರುವ ಇಂಥ ಸಂಬಂಧಕ್ಕೆ ಸಹಜೀವನ ಎನ್ನುತ್ತಾರೆ.

ಕೊಟ್ಟೂರು: ಜೋಳದ ಜಾಣತನ

ಕೊಟ್ಟೂರು ಮಳೆಯನ್ನೇ ನೆಚ್ಚಿದ ಸೀಮೆ. ಜೋಳ ಮತ್ತು ಶೇಂಗಾ ಇಲ್ಲಿನ ಹಳೆಯ ಬೆಳೆಗಳು. ಎಲೆಯ ಮೇಲೆ ಕಣ್ಣಿಗೆ ಕಾಣದಷ್ಟು ಸಣ್ಣ ಪತ್ರರಂಧ್ರಗಳಿರುತ್ತವೆ. ಇಂಗಾಲದ ಡೈಆಕ್ಸೈಡ್ ಒಳಗೆ ಬರಬೇಕಾದರೆ ಅವು ತೆರೆಯಬೇಕು, ತೆರೆದರೆ ಗಿಡದ ನೀರು ಆವಿಯಾಗಿ ಹೊರಗೆ ಹೋಗುತ್ತದೆ. ಬಿಸಿಲು ಸೀಮೆಯ ಗಿಡಕ್ಕೆ ಇದೇ ಜಮಾ-ಖರ್ಚಿನ ತಲೆನೋವು.

ಎಲೆಯಲ್ಲಿ ಸಕ್ಕರೆ ತಯಾರಿಸಲು ರುಬಿಸ್ಕೊ ಎಂಬ ಕಿಣ್ವವಿದೆ. ಸೆಕೆ ಹೆಚ್ಚಾದಾಗ ಅದು ಇಂಗಾಲದ ಡೈಆಕ್ಸೈಡ್ ಬದಲು ಆಮ್ಲಜನಕವನ್ನು ಹಿಡಿದು ಕೆಲಸ ಕೆಡಿಸುತ್ತದೆ. ಜೋಳ, ಮೆಕ್ಕೆಜೋಳ, ಕಬ್ಬು ಇದಕ್ಕೊಂದು ಏರ್ಪಾಡು ಮಾಡಿಕೊಂಡಿವೆ. ನನಗೆ ಅರ್ಥವಾದದ್ದು ಬ್ಯಾಂಕಿನ ಲೆಕ್ಕದಲ್ಲಿ. ಕೌಂಟರಿನಲ್ಲಿ ಕೂತ ಬೇರೊಂದು ಕಿಣ್ವ ಇಂಗಾಲದ ಡೈಆಕ್ಸೈಡ್ ಒಂದನ್ನೇ ಆರಿಸಿ ಪಡೆಯುತ್ತದೆ, ನಾಲ್ಕು ಇಂಗಾಲವಿರುವ ಸಂಯುಕ್ತದ ಪೊಟ್ಟಣ ಕಟ್ಟಿ ಒಳಗಿನ ಭದ್ರಕೋಣೆಗೆ ಕಳಿಸುತ್ತದೆ. ರುಬಿಸ್ಕೊ ಕೂತಿರುವುದು ಆ ಕೋಣೆಯಲ್ಲಿ. ಅಲ್ಲಿ ಪೊಟ್ಟಣ ಬಿಚ್ಚಿದಾಗ ಸುತ್ತಲೂ ಇಂಗಾಲದ ಡೈಆಕ್ಸೈಡೇ ತುಂಬಿರುವುದರಿಂದ ತಪ್ಪು ನಮೂದು ಬಹಳ ಕಡಿಮೆ. ರಂಧ್ರಗಳನ್ನು ಕಿರಿದಾಗಿ ತೆರೆದರೂ ಕೆಲಸ ನಡೆಯುತ್ತದೆ, ನೀರು ಉಳಿಯುತ್ತದೆ. 1960ರ ದಶಕದಲ್ಲಿ ಆಸ್ಟ್ರೇಲಿಯಾದ ಹ್ಯಾಚ್ ಮತ್ತು ಸ್ಲ್ಯಾಕ್ ಕಬ್ಬಿನ ಎಲೆಯಲ್ಲಿ ಈ ದಾರಿಯನ್ನು ವಿವರವಾಗಿ ತೋರಿಸಿದರು. ಇದೇ ಸಿ-4 ಮಾರ್ಗ.

ಶೇಂಗಾಕ್ಕೆ ಈ ಏರ್ಪಾಡಿಲ್ಲ, ಅದರ ಬಂಡವಾಳ ಬೇರಿನಲ್ಲಿದೆ. ಒಂದು ಗಿಡ ಕಿತ್ತು ಬೇರಿನ ಗಂಟನ್ನು ಉಗುರಿನಿಂದ ಸೀಳಿ ನೋಡಿ. ಒಳಗೆ ನಸುಗೆಂಪು ಕಂಡರೆ ಗಂಟು ಕೆಲಸ ಮಾಡುತ್ತಿದೆ ಎಂದರ್ಥ. ಆ ಬಣ್ಣ ನಮ್ಮ ರಕ್ತದ ಹಿಮೋಗ್ಲೋಬಿನ್ನಿನ ಹತ್ತಿರದ ಸಂಬಂಧಿಯದು. ಗಂಟಿನಲ್ಲಿರುವ ರೈಜೋಬಿಯಂ ಬಗೆಯ ಬ್ಯಾಕ್ಟೀರಿಯಾ ಗಾಳಿಯ ಸಾರಜನಕವನ್ನು ಗೊಬ್ಬರವಾಗಿಸಿ ಗಿಡಕ್ಕೆ ಕೊಡುತ್ತದೆ, ಗಿಡ ಅದಕ್ಕೆ ಸಕ್ಕರೆ ಕೊಡುತ್ತದೆ. ಶೇಂಗಾ ಹೊಲದಲ್ಲಿ ಮರುವರ್ಷ ಜೋಳ ಹಾಕುವ ನಮ್ಮ ರೈತರು ಈ ಹೆಸರು ಕೇಳದಿದ್ದರೂ ಲಾಭ ಕಂಡಿದ್ದಾರೆ.

ಹಗರಿಬೊಮ್ಮನಹಳ್ಳಿ: ಕೆರೆಯ ಲೆಕ್ಕಪತ್ರ

ಹಗರಿಬೊಮ್ಮನಹಳ್ಳಿ ತಾಲ್ಲೂಕಿನ ಅಂಕಸಮುದ್ರ ಕೆರೆಯನ್ನು ಶತಮಾನಗಳ ಹಿಂದೆ ನೀರಾವರಿಗೆಂದು ಕಟ್ಟಿದರು. ವಿಸ್ತೀರ್ಣ 98.76 ಹೆಕ್ಟೇರ್. 2017ರಲ್ಲಿ ಪಕ್ಷಿ ಸಂರಕ್ಷಣಾ ಮೀಸಲು ಪ್ರದೇಶವಾಯಿತು. 2024ರಲ್ಲಿ ರಾಮ್ಸಾರ್ ಪಟ್ಟಿಗೆ, ಅಂದರೆ ಜಗತ್ತಿನ ಮುಖ್ಯ ಜೌಗುಪ್ರದೇಶಗಳ ಪಟ್ಟಿಗೆ ಸೇರಿತು. 1971ರಲ್ಲಿ ಇರಾನಿನ ರಾಮ್ಸಾರ್ ಪಟ್ಟಣದಲ್ಲಿ ಆದ ಒಪ್ಪಂದದಿಂದ ಆ ಹೆಸರು. ಈ ಕೆರೆಯಲ್ಲಿ 240 ಬಗೆಯ ಹಕ್ಕಿ, 41 ಬಗೆಯ ಮೀನು ದಾಖಲಾಗಿವೆ. ಗೂಡು ಕಟ್ಟುವ, ರಾತ್ರಿ ತಂಗುವ ನೀರುಹಕ್ಕಿಗಳು 30,000ಕ್ಕೂ ಹೆಚ್ಚು. ಬಣ್ಣದ ಕೊಕ್ಕರೆ, ಕರಿತಲೆ ಕೆಂಬರಲು ಇವುಗಳಲ್ಲಿ ಮುಖ್ಯವಾದವು.

ಇಷ್ಟು ಹಕ್ಕಿಗಳಿಗೆ ಊಟ ಎಲ್ಲಿಂದ? 1942ರಲ್ಲಿ ಅಮೆರಿಕದ ಲಿಂಡೆಮನ್ ಸರೋವರವೊಂದರ ಶಕ್ತಿಯ ಲೆಕ್ಕ ಬರೆದ. ಅದರಿಂದ ಬಂದದ್ದು ಪುಸ್ತಕದ ಶೇಕಡಾ 10ರ ನಿಯಮ. ಪಾಚಿಯಲ್ಲಿ 10,000 ಕ್ಯಾಲೊರಿ ಜಮಾ ಆಗಿದ್ದರೆ ಅದನ್ನು ತಿನ್ನುವ ಸಣ್ಣ ಜೀವಿಗಳಿಗೆ ದಕ್ಕುವುದು ಸುಮಾರು 1,000, ಅವನ್ನು ತಿನ್ನುವ ಮೀನಿಗೆ 100, ಮೀನು ತಿನ್ನುವ ಕೊಕ್ಕರೆಗೆ 10. ಉಳಿದದ್ದು ಓಡಾಟ, ಉಸಿರಾಟಕ್ಕೆ ಖರ್ಚಾಗಿ ಶಾಖವಾಗುತ್ತದೆ, ಮರಳಿ ಬರುವುದಿಲ್ಲ. ಹಕ್ಕಿಯ ಹಿಕ್ಕೆಯಲ್ಲಿರುವ ಸಾರಜನಕ, ರಂಜಕ ಮಾತ್ರ ನೀರಿಗೆ ಬಿದ್ದು ಮತ್ತೆ ಪಾಚಿಯನ್ನು ಬೆಳೆಸುತ್ತವೆ. ಶಕ್ತಿ ಒಂದೇ ದಿಕ್ಕಿಗೆ ಹರಿದುಹೋಗುತ್ತದೆ, ಪೋಷಕಾಂಶ ಸುತ್ತಿ ಬರುತ್ತದೆ. ಈ ವ್ಯತ್ಯಾಸ ತಿಳಿದರೆ ಪರಿಸರ ವ್ಯವಸ್ಥೆಯ ಅರ್ಧ ಅಧ್ಯಾಯ ಮುಗಿದಂತೆ. ಕೆರೆಯ ನೀರು ಕೆಟ್ಟು ಕೆಳಗಿನ ಜಮೆ ಕಡಿಮೆಯಾದರೆ ಮೇಲಿನ ಹಕ್ಕಿಯ ಖಾತೆಯೂ ಬರಿದಾಗುತ್ತದೆ ಎಂಬುದಕ್ಕೂ ಇದೇ ಲೆಕ್ಕ ಸಾಕ್ಷಿ.

ಹಡಗಲಿ: ಮಲ್ಲಿಗೆಯ ನಕಲು

ಹೂವಿನ ಹಡಗಲಿಯ ಮಲ್ಲಿಗೆ ಭೌಗೋಳಿಕ ಸೂಚಿ ಪಡೆದ ಹೂವು. ಇಲ್ಲಿಂದ ತುಂಗಭದ್ರೆಯಲ್ಲಿ ವಿಜಯನಗರಕ್ಕೆ ಹೂ ಹೋಗುತ್ತಿತ್ತು ಎಂಬ ಮಾತು ಇಂದಿಗೂ ಜನರ ಬಾಯಲ್ಲಿದೆ. ಮಲ್ಲಿಗೆ ಅರಳುವುದು ಸಂಜೆಯ ಹೊತ್ತಿಗೆ. ಬಿಳಿ ಬಣ್ಣ, ಗಾಢ ಪರಿಮಳ ಎರಡೂ ಕತ್ತಲಲ್ಲಿ ಹಾರುವ ಪತಂಗಗಳಿಗೆ ಕರೆ. ಆದರೆ ತೋಟದ ಮಲ್ಲಿಗೆಯನ್ನು ಯಾರೂ ಬೀಜ ಬಿತ್ತಿ ಬೆಳೆಸುವುದಿಲ್ಲ. ಟೊಂಗೆ ಕತ್ತರಿಸಿ ನೆಡುತ್ತಾರೆ, ಇಲ್ಲವೇ ಬಳ್ಳಿಯನ್ನು ಮಣ್ಣಿಗೆ ಬಗ್ಗಿಸಿ ಬೇರು ಬರಿಸುತ್ತಾರೆ.

ಹೀಗೆ ಹುಟ್ಟಿದ ಗಿಡ ತಾಯಿಗಿಡದ ಕಾರ್ಬನ್ ಪ್ರತಿ. ಇದಕ್ಕೆ ತದ್ರೂಪಿ ಎನ್ನುತ್ತಾರೆ. ಲಾಭವೇನೆಂದರೆ ತಾಯಿಯ ಪರಿಮಳ ಮಗಳಿಗೂ ತಪ್ಪುವುದಿಲ್ಲ. ಬೀಜದಿಂದಾದರೆ ತಂದೆಯ ಅರ್ಧ, ತಾಯಿಯ ಅರ್ಧ ಎಲೆಗಳನ್ನು ಇಸ್ಪೀಟಿನಂತೆ ಕಲಸಿ ಹಂಚಿದ ಹಾಗೆ, ಯಾವ ಗುಣ ಯಾರಿಗೆ ಬರುತ್ತದೋ ಹೇಳಲಾಗದು. ಆದರೆ ಎಲ್ಲ ಗಿಡವೂ ಒಂದೇ ಆಗಿದ್ದರೆ ಒಂದನ್ನು ಕೊಲ್ಲುವ ರೋಗ ಎಲ್ಲವನ್ನೂ ಕೊಲ್ಲಬಹುದು. 1845ರಲ್ಲಿ ಐರ್ಲೆಂಡಿನಲ್ಲಿ ಗೆಡ್ಡೆಯಿಂದ ಬೆಳೆದ ಒಂದೇ ತಳಿಯ ಆಲೂಗಡ್ಡೆಗೆ ಅಂಗಮಾರಿ ರೋಗ ಬಿತ್ತು. ಆಗ ಶುರುವಾದ ಬರಗಾಲದಲ್ಲಿ ಸುಮಾರು 10 ಲಕ್ಷ ಜನ ಸತ್ತರು. ಲೈಂಗಿಕ ಸಂತಾನೋತ್ಪತ್ತಿ ಯಾಕೆ ಬೇಕು ಎಂಬ ಪ್ರಶ್ನೆಗೆ ಇದಕ್ಕಿಂತ ಒಳ್ಳೆಯ ಉತ್ತರವಿಲ್ಲ.

ಹರಪನಹಳ್ಳಿ: ನಾಲ್ಕು ಮನೆಯ ಚೌಕ

ಕೊನೆಯ ಪಾಠ ಅನುವಂಶೀಯತೆ. ಇದು ಕಾಲೇಜಿನ ಗೋಡೆ ದಾಟಿ ನಮ್ಮ ಬಳಗದ ಪಡಸಾಲೆಗೇ ಬಂತು.

ಅಕ್ಕನ ಮಗಳನ್ನು ತಮ್ಮ ತಂದುಕೊಳ್ಳುವುದು, ಸೋದರತ್ತೆಯ ಮಗನಿಗೆ ಕೊಡುವುದು ನಮ್ಮಲ್ಲಿ ಹಳೆಯ ರೂಢಿ. ಕರ್ನಾಟಕದಲ್ಲಿ ಹೆಚ್ಚುಕಡಿಮೆ ನಾಲ್ಕು ಮದುವೆಗಳಲ್ಲಿ ಒಂದು ರಕ್ತಸಂಬಂಧದಲ್ಲೇ ಆಗುತ್ತದೆ. ಹೋದ ವರ್ಷ ಹರಪನಹಳ್ಳಿಯ ನಮ್ಮ ನೆಂಟರ ಮನೆಯಲ್ಲಿ ಅಂಥದೇ ಮಾತುಕತೆಗೆ ಕೂತಿದ್ದೆವು. ಹುಡುಗಿಯನ್ನು ಸೋದರಮಾವನಿಗೆ ಕೊಡುವ ವಿಚಾರ. ಆ ಮನೆತನದ ಹಿಂದಿನ ತಲೆಮಾರಿನಲ್ಲಿ, ಅಂಥದೇ ಸಂಬಂಧದಲ್ಲಿ, ಇಬ್ಬರು ಮಕ್ಕಳು ಹುಟ್ಟಿನಿಂದಲೇ ಕಿವಿ ಕೇಳದವರು. ಅವರ ತಾಯಿ, ಈಗ ಮುದುಕಿ, ಮೂಲೆಯಲ್ಲಿ ಕೂತಿದ್ದಳು. ಆಕೆಯ ಗ್ರಹಚಾರ, ಬಸುರಿಯಲ್ಲಿ ಗ್ರಹಣ ನೋಡಿದ್ದಳು ಎಂದು ನಲವತ್ತು ವರ್ಷ ಜನ ಆಡಿಕೊಂಡದ್ದನ್ನು ನಾನೂ ಬಲ್ಲೆ.

ನನ್ನ ಮೊಮ್ಮಗಳು ಹಳೆಯ ಕ್ಯಾಲೆಂಡರಿನ ಹಿಂಬದಿಯಲ್ಲಿ ಪುಸ್ತಕದ ನಾಲ್ಕು ಮನೆಯ ಚೌಕ ಬರೆದಳು. 1866ರಲ್ಲಿ ಮೆಂಡೆಲ್ ಬಟಾಣಿ ಗಿಡಗಳ ಮೇಲೆ ಪ್ರಕಟಿಸಿದ ಲೆಕ್ಕವೇ ಅದಕ್ಕೆ ಆಧಾರ. ಪ್ರತಿಯೊಂದು ಗುಣಕ್ಕೂ ನಮ್ಮಲ್ಲಿ ಎರಡು ಪ್ರತಿ ಇರುತ್ತವೆ, ತಾಯಿಯಿಂದ ಒಂದು, ತಂದೆಯಿಂದ ಒಂದು. ಒಂದು ಕೆಟ್ಟಿದ್ದರೂ ಇನ್ನೊಂದು ಕೆಲಸ ನಡೆಸುತ್ತದೆ. ಅಂಥವರು ವಾಹಕರು, ಅವರಿಗೇನೂ ತೊಂದರೆಯಿಲ್ಲ. ವಾಹಕರಿಬ್ಬರು ಮದುವೆಯಾದರೆ ಪ್ರತಿ ಹೆರಿಗೆಯಲ್ಲೂ ಮಗುವಿಗೆ ಎರಡೂ ಕೆಟ್ಟ ಪ್ರತಿ ಬರುವ ಸಂಭವ ನಾಲ್ಕರಲ್ಲಿ ಒಂದು. ಮೊದಲ ಮಗುವಿಗೆ ಬಂದಿತು, ಎರಡನೆಯದಕ್ಕೆ ಬಾರದು ಎಂದಲ್ಲ, ಪ್ರತಿ ಸಲವೂ ಲೆಕ್ಕ ಹೊಸದಾಗಿ ಶುರು.

ಹೊರಗಿನವರಲ್ಲಿ ಅದೇ ಕೆಟ್ಟ ಪ್ರತಿ ಇರುವುದು ಅಪರೂಪ. ಸೋದರಮಾವ ಮತ್ತು ಸೊಸೆಯ ನಡುವೆ ನಾಲ್ಕನೇ ಒಂದು ಭಾಗ ಜೀನುಗಳು ಒಂದೇ ಮೂಲದವು. ಅತ್ತೆ-ಮಾವನ ಮಕ್ಕಳ ನಡುವೆ ಎಂಟನೇ ಒಂದು. ಹಾಗೆಂದು ಹೆದರಿಸಬಾರದು. ಯಾವುದೇ ದಂಪತಿಗೆ ಗಂಭೀರ ಹುಟ್ಟುದೋಷದ ಮಗುವಾಗುವ ಸಂಭವ 100ಕ್ಕೆ 2-3 ಇದ್ದರೆ, ಅತ್ತೆ-ಮಾವನ ಮಕ್ಕಳಲ್ಲಿ ಅದರ ಮೇಲೆ ಇನ್ನೂ 2-3 ಸೇರುತ್ತದೆ. ಹೆಚ್ಚಿನ ಮಕ್ಕಳು ಆರೋಗ್ಯವಾಗಿಯೇ ಹುಟ್ಟುತ್ತಾರೆ. ಸೋದರಮಾವನ ಸಂಬಂಧದಲ್ಲಿ ಅಪಾಯ ಇನ್ನಷ್ಟು ಹೆಚ್ಚು, ಮನೆತನದಲ್ಲಿ ಆಗಲೇ ಅಂಥ ಕಾಯಿಲೆ ಕಂಡಿದ್ದರೆ ಮತ್ತೂ ಹೆಚ್ಚು.

ಮೂಲೆಯಲ್ಲಿದ್ದ ಮುದುಕಿ ಹತ್ತಿರ ಬಂದು ಕ್ಯಾಲೆಂಡರ್ ನೋಡಿದಳು. "ಹಂಗಾದ್ರೆ ತಪ್ಪು ಯಾರ್ದವ್ವಾ?" ಎಂದಳು.

"ಯಾರ್ದೂ ಅಲ್ಲ ಅಜ್ಜಿ. ಒಂದು ನಿನ್ ಹತ್ರ ಇತ್ತು, ಒಂದು ತಾತನ್ ಹತ್ರ ಇತ್ತು. ಇಬ್ರಿಗೂ ಗೊತ್ತಿರ್ಲಿಲ್ಲ."

"ಗ್ರಹಣದಿಂದ ಅಲ್ಲಾ?"

"ಅಲ್ಲ ಅಜ್ಜಿ."

ಆಕೆ ಮತ್ತೇನೂ ಕೇಳಲಿಲ್ಲ. ಸೆರಗಿನಿಂದ ಮುಖ ಒರೆಸಿಕೊಂಡು ಆ ಹಾಳೆಯನ್ನು ತನಗೆ ಕೊಡುವಂತೆ ಕೈ ಚಾಚಿದಳು. ಓದು ಬಾರದ ಹೆಂಗಸು ಅದನ್ನು ನಾಲ್ಕಾಗಿ ಮಡಚಿ ಎಲೆಅಡಿಕೆ ಚೀಲದಲ್ಲಿಟ್ಟುಕೊಂಡಳು. ಮದುವೆ ಮಾತನ್ನು ಹಿರಿಯರು ಅಂದು ಮುಂದುವರಿಸಲಿಲ್ಲ. ಮೊದಲು ಅನುವಂಶೀಯ ಕಾಯಿಲೆ ಬಲ್ಲ ವೈದ್ಯರನ್ನು ಕೇಳೋಣ ಎಂದಾಯಿತು.

ಮಕ್ಕಳೇ, ಪಿಯುಸಿ ಪುಸ್ತಕ ತೆರೆದಾಗ ಪ್ರತಿ ಅಧ್ಯಾಯಕ್ಕೂ ನಿಮ್ಮೂರಿನ ಒಂದು ಉದಾಹರಣೆಯನ್ನು ಅಂಚಿನಲ್ಲಿ ಬರೆದುಕೊಳ್ಳಿ. ಶೇಂಗಾ ಕೀಳುವ ಕಾಲಕ್ಕೆ ಬೇರಿನ ಗಂಟು ಸೀಳಿ ನೋಡಿ. ರಜೆಯಲ್ಲಿ ಅಂಕಸಮುದ್ರಕ್ಕೆ ಹೋಗಿ ಯಾವ ಹಕ್ಕಿ ಏನು ತಿನ್ನುತ್ತದೆ ಎಂದು ಪಟ್ಟಿ ಮಾಡಿ. ತಂದೆ-ತಾಯಂದಿರೇ, ಮಗಳು ಓದಿದ್ದನ್ನು ಮನೆಯ ಮಾತುಕತೆಯಲ್ಲಿ ಹೇಳಲು ಬಂದರೆ "ಸಣ್ಣವಳು, ಸುಮ್ಮನಿರು" ಎನ್ನಬೇಡಿ. ಒಂದು ಹಾಳೆ, ಒಂದು ಪೆನ್ನು ಕೊಟ್ಟು ಪಕ್ಕದಲ್ಲಿ ಕೂರಿಸಿಕೊಳ್ಳಿ.