ಕಾಮಾಲೆಯ ಹಳ್ಳಿಮದ್ದು: ನಮ್ಮ ಮನೆಯ ಎರಡು ಅನುಭವಗಳು

ನಮ್ಮ ಕಾಸರಗೋಡು ಕಡೆಯ ಕೃಷಿಕರ ಮನೆಗಳಲ್ಲಿ ಯಾರದ್ದಾದರೂ ಕಣ್ಣು ಹಳದಿಯಾದರೆ ಮೊದಲು ನೆನಪಾಗುವುದು ನೆಲನೆಲ್ಲಿ. ಮಳೆ ಬಿದ್ದ ಮೇಲೆ ಅಂಗಳದ ಬದಿಯಲ್ಲಿ, ತೋಟದ ದಾರಿಯಲ್ಲಿ ತಾನಾಗಿ ಹುಟ್ಟುವ, ಎಲೆಯ ಅಡಿಯಲ್ಲಿ ಸಣ್ಣ ಸಣ್ಣ ಕಾಯಿ ಬಿಡುವ ಗಿಡ ಅದು. ಈ ಗಿಡದ ಮದ್ದಿನ ಬಗ್ಗೆ ನಮ್ಮ ಮನೆಯಲ್ಲಿ ಎರಡು ಅನುಭವಗಳಾಗಿವೆ. ಒಂದು ಸಿಹಿ, ಇನ್ನೊಂದು ಕಹಿ. ಎರಡನ್ನೂ ಹೇಳಿದರೆ ಮಾತ್ರ ನ್ಯಾಯವಾಗುತ್ತದೆ.

ಮೊದಲನೆಯದು ನನ್ನದೇ. ನಾನು ಎಂಟನೇ ತರಗತಿಯಲ್ಲಿದ್ದಾಗ ಎರಡು ದಿನ ಜ್ವರ ಬಂದು ಬಿಟ್ಟಿತು. ಊಟ ಸೇರಲಿಲ್ಲ, ವಾಂತಿ. ಜ್ವರ ಬಿಟ್ಟ ಮೇಲೆ ಕಣ್ಣು, ಮೂತ್ರ ಎರಡೂ ಹಳದಿಯಾದವು. ಅಮ್ಮ ನನ್ನನ್ನು ನೆರೆಮನೆಯ ಅಜ್ಜಿಯ ಬಳಿಗೆ ಕರಕೊಂಡು ಹೋದರು. ಅಜ್ಜಿ ನೆಲನೆಲ್ಲಿಯನ್ನು ಬೇರುಸಹಿತ ಅರೆದು ಹಾಲಿನಲ್ಲಿ ಕದಡಿ ಮೂರು ದಿನ ಬರಿಹೊಟ್ಟೆಗೆ ಕೊಟ್ಟರು. ಉಪ್ಪಿಲ್ಲದ ಗಂಜಿಯ ಪಥ್ಯ. ಮೂರು ವಾರದಲ್ಲಿ ನಾನು ಶಾಲೆಗೆ ಹೋದೆ. ಅಜ್ಜಿ ಒಂದು ಪೈಸೆ ತೆಗೆದುಕೊಳ್ಳಲಿಲ್ಲ. ಅಂದಿನಿಂದ ನಮ್ಮ ಮನೆಯಲ್ಲಿ ಕಾಮಾಲೆಗೆ ಇದೇ ಮದ್ದು ಎಂಬುದು ಪ್ರಶ್ನೆಯೇ ಇಲ್ಲದ ಮಾತಾಯಿತು.

ಎರಡನೆಯದು ನನ್ನ ಅಣ್ಣನದ್ದು. ಒಂದು ವರ್ಷದ ಆಟಿ ತಿಂಗಳು. ಜಡಿಮಳೆಗೆ ತೋಟದ ಕಣಿಗಳಲ್ಲಿ ಮಣ್ಣು ತುಂಬಿ ಅಡಿಕೆ ಮರದ ಬುಡದಲ್ಲಿ ನೀರು ನಿಂತಿತ್ತು. ಅಣ್ಣ ನಾಲ್ಕು ದಿನ ಬರಿಗಾಲಿನಲ್ಲಿ ಇಳಿದು ಕಣಿ ಬಿಡಿಸಿದರು. ಕಾಲ್ಬೆರಳ ಸಂದಿನಲ್ಲಿ ಹುಣ್ಣಿತ್ತು. ಒಂದು ವಾರ ಕಳೆದು ವಿಪರೀತ ಜ್ವರ, ತಲೆನೋವು. ಮೀನಖಂಡದಲ್ಲಿ ಮುಟ್ಟಲಾಗದಷ್ಟು ನೋವು. ಮಳೆಗೆ ನೆನೆದದ್ದು ಎಂದು ಜ್ವರದ ಮಾತ್ರೆ ನುಂಗಿ ಮಲಗಿದರು. ನಾಲ್ಕನೇ ದಿನ ಕಣ್ಣು ಹಳದಿಯಾಯಿತು.

ನಾವು ಡಾಕ್ಟರರ ಬಳಿಗೆ ಹೋಗಲಿಲ್ಲ. ನಾನೇ ಓಡಿ ಹೋಗಿ ಅಜ್ಜಿಯಿಂದ ಮದ್ದು ತಂದೆ. "ಅಣ್ಣನಿಗೆ ಕಾಮಾಲೆ" ಎಂದೆನೇ ಹೊರತು ಜ್ವರ ಇನ್ನೂ ಬಿಟ್ಟಿಲ್ಲ ಎಂದು ಹೇಳಲಿಲ್ಲ. ಮರುದಿನ ಅಣ್ಣನಿಗೆ ಮೂತ್ರ ಕಡಿಮೆಯಾಯಿತು. ಅತ್ತಿಗೆ ಹೆದರಿ, "ಆಸ್ಪತ್ರೆಗೆ ಹೋಗುವ" ಎಂದರು. ಮದ್ದು ಅರ್ಧಕ್ಕೆ ಬಿಟ್ಟರೆ ಫಲವಿಲ್ಲ ಎಂದು ಅವರ ಬಾಯಿ ಮುಚ್ಚಿಸಿದವನೂ ನಾನೇ. ಏಳನೇ ದಿನ ಅಣ್ಣನಿಗೆ ಎದ್ದು ಕೂರಲು ಆಗಲಿಲ್ಲ. ಊರಿನ ಡಾಕ್ಟರರು ಮೀನಖಂಡ ಒತ್ತಿ ನೋಡಿ, ಕೆಲಸದ ವಿಷಯ ಕೇಳಿ, "ಇದು ಇಲಿಜ್ವರ ಇರಬೇಕು, ಈಗಲೇ ಮಂಗಳೂರಿಗೆ ಹೊರಡಿ" ಎಂದರು. ಮೂತ್ರಪಿಂಡ ಕೆಲಸ ನಿಲ್ಲಿಸುತ್ತಾ ಬಂದಿತ್ತು. ನಾಲ್ಕು ಸಲ ಡಯಾಲಿಸಿಸ್, ಹದಿನಾರು ದಿನ ಆಸ್ಪತ್ರೆ. ಅತ್ತಿಗೆಯ ಬಳೆ, ಸರ ಬ್ಯಾಂಕಿನಲ್ಲಿ ಅಡವಾದವು. ದೇವರ ದಯೆಯಿಂದ ಅಣ್ಣ ಉಳಿದರು.

ಮದ್ದು ಒಂದೇ, ಕೊಟ್ಟವರೂ ಒಬ್ಬರೇ. ನನಗೆ ಗುಣವಾಗಿ ಅಣ್ಣನಿಗೆ ಯಾಕೆ ಆಗಲಿಲ್ಲ? ಉತ್ತರ ನಮ್ಮ ತೋಟದಲ್ಲೇ ಇದೆ. ಅಡಿಕೆ ಮರದ ಸೋಗೆ ಹಳದಿಯಾದರೆ ನಾವು ಒಮ್ಮೆಲೇ ಒಂದು ಮದ್ದು ಸುರಿಯುತ್ತೇವೆಯೇ? ಬುಡದಲ್ಲಿ ನೀರು ನಿಂತರೂ ಹಳದಿ, ಗೊಬ್ಬರದ ಕೊರತೆಯಾದರೂ ಹಳದಿ, ಬೇರುಹುಳ ತಿಂದರೂ ಹಳದಿ, ಹಳದಿ ಎಲೆ ರೋಗ ಬಂದರೂ ಹಳದಿ. ಬುಡ ಬಿಡಿಸಿ ಬೇರು ನೋಡದೆ ಕಾರಣ ತಿಳಿಯದು. ಮನುಷ್ಯನ ಕಾಮಾಲೆಯೂ ಹೀಗೆಯೇ. ಅದು ರೋಗದ ಹೆಸರಲ್ಲ, ರೋಗದ ಗುರುತು.

ಕೆಟ್ಟ ನೀರು, ಆಹಾರದಿಂದ ಬರುವ ಹೆಪಟೈಟಿಸ್ ಎ ಎಂಬ ವೈರಸ್ ಕಾಮಾಲೆ ಹೆಚ್ಚಿನವರಲ್ಲಿ ಕೆಲವು ವಾರಗಳಲ್ಲಿ ತಾನಾಗಿಯೇ ಗುಣವಾಗುತ್ತದೆ. ನನಗೆ ಬಂದದ್ದು ಬಹುಶಃ ಅದೇ. ಅಂದರೆ ಮದ್ದು ಕುಡಿಯದಿದ್ದರೂ ನಾನು ಏಳುತ್ತಿದ್ದೆ. ಪಿತ್ತನಾಳದಲ್ಲಿ ಕಲ್ಲು, ವಿಪರೀತ ಕುಡಿತ, ಹೆಪಟೈಟಿಸ್ ಬಿ, ಇಲಿಜ್ವರ ಇವೆಲ್ಲವೂ ಕಣ್ಣನ್ನು ಹಳದಿ ಮಾಡುತ್ತವೆ. ಆದರೆ ಇವುಗಳ ದಾರಿ ಬೇರೆ ಬೇರೆ.

ನೆಲನೆಲ್ಲಿಯನ್ನು ವಿಜ್ಞಾನಿಗಳು ಕಡೆಗಣಿಸಿಲ್ಲ. ಹೆಪಟೈಟಿಸ್ ಬಿ ವೈರಸನ್ನು ಕಂಡುಹಿಡಿದು 1976ರಲ್ಲಿ ನೊಬೆಲ್ ಪಡೆದ ಬ್ಲೂಂಬರ್ಗ್ ಅವರು ಮದ್ರಾಸಿನ ಡಾ. ತ್ಯಾಗರಾಜನ್ ಅವರ ತಂಡದೊಡನೆ ಇದರ ಪರೀಕ್ಷೆ ನಡೆಸಿದ್ದರು. ವೈರಸ್ ಹೊತ್ತಿದ್ದ 37 ಜನರಿಗೆ ನೆಲನೆಲ್ಲಿ ಕೊಟ್ಟಾಗ 22 ಜನರ ರಕ್ತದಲ್ಲಿ ಅದರ ಗುರುತು ಕಾಣದಾಯಿತು ಎಂದು 1988ರಲ್ಲಿ ಪ್ರಕಟವಾಯಿತು. ದೊಡ್ಡ ಆಸೆ ಹುಟ್ಟಿತು. ಆದರೆ ಬೇರೆಡೆ ನಡೆದ ಮುಂದಿನ ಪರೀಕ್ಷೆಗಳಲ್ಲಿ ಅಂಥ ಫಲ ಸಿಗಲಿಲ್ಲ. ಇಲಿಜ್ವರಕ್ಕಂತೂ ನೆಲನೆಲ್ಲಿ ಮದ್ದಲ್ಲ.

ಇಲಿಜ್ವರ ರೋಗಾಣುವಿನಿಂದ ಬರುವ ರೋಗ. ಇಲಿ, ಹೆಗ್ಗಣ ಮಾತ್ರವಲ್ಲ, ದನ, ನಾಯಿ, ಹಂದಿಗಳ ಮೂತ್ರದಲ್ಲೂ ಈ ರೋಗಾಣು ಇರಬಹುದು. ನಿಂತ ನೀರು, ಕೆಸರಿನ ಮೂಲಕ ಗಾಯದಿಂದ ಮೈಯೊಳಗೆ ಸೇರುತ್ತದೆ. ಸಾಮಾನ್ಯವಾಗಿ ಒಂದೆರಡು ವಾರದಲ್ಲಿ ಜ್ವರ ಕಾಣಿಸುತ್ತದೆ. ಬೇಗ ತಿಳಿದರೆ ಪೆನಿಸಿಲಿನ್, ಡಾಕ್ಸಿಸೈಕ್ಲಿನ್‌ನಂಥ ಹಳೆಯ ಔಷಧಗಳೇ ಸಾಕು. ತಡವಾದರೆ ಮೂತ್ರಪಿಂಡ, ಯಕೃತ್ತು, ಶ್ವಾಸಕೋಶಗಳಿಗೆ ಹಾನಿಯಾಗಿ ಜೀವ ಹೋಗಬಹುದು. ಕೇರಳದಲ್ಲಿ 2018ರ ನೆರೆಯ ನಂತರ ಈ ಜ್ವರ ಹರಡಿ ಸಾವುಗಳಾದದ್ದು ನಮಗೆಲ್ಲ ನೆನಪಿದೆ.

ಆದುದರಿಂದ ಕೃಷಿಕ ಬಂಧುಗಳು ಈ ಕೆಲವು ಮಾತುಗಳನ್ನು ನೆನಪಿನಲ್ಲಿಡಬೇಕು:

1. ಕಣ್ಣು ಹಳದಿಯಾದರೆ ಯಾವ ಮದ್ದಿಗೂ ಮೊದಲು ಡಾಕ್ಟರರನ್ನು ಕಂಡು ರಕ್ತ, ಮೂತ್ರ ಪರೀಕ್ಷೆ ಮಾಡಿಸಿರಿ.

2. ಹಳದಿಯ ಜೊತೆಗೆ ಜ್ವರ, ಮೀನಖಂಡದ ನೋವು, ಕಣ್ಣು ಕೆಂಪಾಗುವುದು, ಮೂತ್ರ ಕಡಿಮೆಯಾಗುವುದು, ಬುದ್ಧಿ ಮಂಕಾಗುವುದು, ರಕ್ತ ಒಸರುವುದು, ಇವುಗಳಲ್ಲಿ ಒಂದು ಕಂಡರೂ ಅದೇ ದಿನ ಆಸ್ಪತ್ರೆಗೆ ಹೋಗಿರಿ. ಗರ್ಭಿಣಿಗೆ ಕಾಮಾಲೆ ಕಂಡರೆ ಒಂದು ಗಂಟೆಯೂ ಕಾಯಬೇಡಿರಿ.

3. ಮಳೆಗಾಲದಲ್ಲಿ ಬಂದ ಯಾವ ಜ್ವರಕ್ಕೂ ಡಾಕ್ಟರರಲ್ಲಿ ನಿಮ್ಮ ಕೆಲಸದ ವಿಷಯ ಹೇಳಿರಿ. ಗದ್ದೆ, ಕಣಿ, ಹಟ್ಟಿಯ ಕೆಲಸ ಮಾಡಿದ್ದೇನೆ ಎಂಬ ಒಂದು ಮಾತು ರೋಗ ಗುರುತಿಸಲು ದಾರಿಯಾಗುತ್ತದೆ.

4. ಕೆಸರಿಗೆ ಇಳಿಯುವಾಗ ಗಂಬೂಟು, ಕೈಚೀಲ ಹಾಕಿರಿ. ಗಾಯವಿದ್ದರೆ ಇಳಿಯಲೇಬೇಡಿರಿ. ಮನೆಯವರಿಗೆ ಹೇಳುವಷ್ಟೇ ಕೆಲಸಕ್ಕೆ ಬಂದವರಿಗೂ ಹೇಳಿರಿ.

5. ಇಂಥ ಕೆಲಸ ಮಾಡುವವರಿಗೆ ಮುನ್ನೆಚ್ಚರಿಕೆಯಾಗಿ ವಾರಕ್ಕೊಮ್ಮೆ 200 ಮಿಲಿಗ್ರಾಂ ಡಾಕ್ಸಿಸೈಕ್ಲಿನ್ ಕೊಡುವ ಕ್ರಮವಿದೆ. ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ವಿಚಾರಿಸಿರಿ. ಎಷ್ಟು ವಾರ ಎಂಬುದನ್ನು ಅವರೇ ಹೇಳುತ್ತಾರೆ. ಗರ್ಭಿಣಿಯರು, ಮೊಲೆಯೂಡಿಸುವ ತಾಯಂದಿರು, ಮಕ್ಕಳು ಡಾಕ್ಟರರನ್ನು ಕೇಳದೆ ಇದನ್ನು ತೆಗೆದುಕೊಳ್ಳಬಾರದು.

6. ಹಳ್ಳಿಮದ್ದು ತೆಗೆದುಕೊಂಡಿದ್ದರೆ ಡಾಕ್ಟರರಿಂದ ಮುಚ್ಚಿಡಬೇಡಿರಿ. ಗಿಡ ಯಾವುದು, ಎಷ್ಟು ದಿನ ಕುಡಿದದ್ದು ಎಂದು ತಿಳಿಸಿರಿ.

ಇಷ್ಟೆಲ್ಲ ಹೇಳಿದ್ದು ಹಳ್ಳಿಮದ್ದನ್ನು ಹೀಯಾಳಿಸಲಿಕ್ಕಲ್ಲ. ಶೀತಕ್ಕೆ ಕಾಳುಮೆಣಸಿನ ಕಷಾಯ, ಹೊಟ್ಟೆಯುಬ್ಬರಕ್ಕೆ ಓಮದ ನೀರು ನಮ್ಮ ಮನೆಯಲ್ಲಿ ಈಗಲೂ ನಡೆಯುತ್ತದೆ. ಆದರೆ ಅದಕ್ಕೊಂದು ಗಡಿ ಇದೆ. ಆ ಗಡಿಯನ್ನು ನಾವು ಕಾಣಲಿಲ್ಲ.

ಅಣ್ಣ ಮನೆಗೆ ಬಂದ ಮರುದಿನ ಅಜ್ಜಿ ಕೋಲೂರಿಕೊಂಡು ನೋಡಲು ಬಂದರು. ಅಣ್ಣನ ಕೈ ಹಿಡಿದು ತುಂಬ ಹೊತ್ತು ಸುಮ್ಮನೆ ಕೂತರು. ಹೊರಡುವಾಗ ನನ್ನನ್ನು ಜಗಲಿಗೆ ಕರೆದು, "ಜ್ವರ ಬಿಟ್ಟಿಲ್ಲ ಎಂದು ನನ್ನತ್ರ ಯಾಕೆ ಹೇಳಲಿಲ್ಲ ಮಗಾ? ಗೊತ್ತಿದ್ದರೆ ನಾನು ಮದ್ದು ಕೊಡುತ್ತಿದ್ದೆನಾ?" ಎಂದು ಕೇಳಿದರು. ನನ್ನಲ್ಲಿ ಉತ್ತರವಿರಲಿಲ್ಲ. ಅನಂತರ ಅವರು ಬದುಕಿರುವಷ್ಟು ಕಾಲ ಮದ್ದಿಗೆ ಬಂದವರಲ್ಲಿ ಮೊದಲು ಕೇಳುತ್ತಿದ್ದುದು ಒಂದೇ ಮಾತು: "ರಕ್ತ ಪರೀಕ್ಷೆಯ ಚೀಟಿ ತಂದಿದ್ದೀರಾ?"