ಹೆಡ್‌ಮಾಸ್ತರರ ಡಾಕ್ಟರೇಟ್: ಶನಿವಾರದ ತರಗತಿಯಿಂದ ಲ್ಯಾಪ್‌ಟಾಪ್ ಪರದೆಯವರೆಗೆ

ಅಮೆರಿಕದ ಫ್ಲಾರಿಡಾ ರಾಜ್ಯದ ಫೋರ್ಟ್ ಲಾಡರ್‌ಡೇಲ್‌ನಲ್ಲಿ ನೋವಾ (ಈಗ ನೋವಾ ಸೌತ್‌ಈಸ್ಟರ್ನ್) ಎಂಬ ವಿಶ್ವವಿದ್ಯಾಲಯವಿದೆ. 1964ರಲ್ಲಿ ಹುಟ್ಟಿದ ಈ ಸಂಸ್ಥೆ 1972ರಲ್ಲಿ ಶಾಲೆ ನಡೆಸುವವರಿಗೆಂದೇ ಒಂದು ಡಾಕ್ಟರೇಟ್ ಶುರು ಮಾಡಿತು. ಅದಕ್ಕೆ ಸೇರಿದವರು ಕೆಲಸ ಬಿಟ್ಟು ಫ್ಲಾರಿಡಾಕ್ಕೆ ಬಂದು ನೆಲೆಸಬೇಕಿರಲಿಲ್ಲ. ಒಂದೊಂದು ಸೀಮೆಯಲ್ಲಿ ಇಪ್ಪತ್ತೈದು ಮೂವತ್ತು ಮಂದಿ ಪ್ರಿನ್ಸಿಪಾಲರು, ಶಾಲಾಡಳಿತಗಾರರು ಸೇರಿ ಒಂದು ಗುಂಪಾದರೆ ಸಾಕು, ಪಾಠವೇ ಅವರ ಊರಿಗೆ ಬರುತ್ತಿತ್ತು. ತಿಂಗಳಿಗೊಂದು ಶನಿವಾರ ದೇಶದ ಯಾವುದೋ ಮೂಲೆಯಿಂದ ಹೆಸರಾಂತ ಪ್ರಾಧ್ಯಾಪಕರೊಬ್ಬರು ವಿಮಾನದಲ್ಲಿ ಬಂದಿಳಿದು ಬೆಳಗಿನಿಂದ ಸಂಜೆಯವರೆಗೆ ಶಾಲಾ ಹಣಕಾಸು, ಮೌಲ್ಯಮಾಪನ, ಮೇಲ್ವಿಚಾರಣೆ ಎಂದು ಒಂದೊಂದೇ ವಿಷಯ ಕಲಿಸಿ ವಾಪಸಾಗುತ್ತಿದ್ದರು. ಸೋಮವಾರ ಬೆಳಿಗ್ಗೆ ವಿದ್ಯಾರ್ಥಿಗಳು ಮತ್ತೆ ತಮ್ಮ ಶಾಲೆಯ ಗೇಟಿನ ಬಳಿ ಮಕ್ಕಳನ್ನು ಎದುರುಗೊಳ್ಳುತ್ತಿದ್ದರು. ಬೇಸಿಗೆಯಲ್ಲಿ ಎಲ್ಲ ಗುಂಪುಗಳೂ ಒಂದೆಡೆ ಸೇರುವ ಶಿಬಿರವಿತ್ತು. ಮಹಾಪ್ರಬಂಧದ ಜಾಗದಲ್ಲಿ, ತಮ್ಮ ಶಾಲೆಯಲ್ಲೇ ಒಂದು ಸುಧಾರಣೆಯನ್ನು ಮಾಡಿ ತೋರಿಸುವ ಪ್ರಾಯೋಗಿಕ ಕೆಲಸವಿತ್ತು.

ಇವತ್ತು ಮನೆಯಲ್ಲಿ ಕೂತು ಲ್ಯಾಪ್‌ಟಾಪಿನಲ್ಲಿ ಶೈಕ್ಷಣಿಕ ನಾಯಕತ್ವದ ಡಾಕ್ಟರೇಟ್ ಓದುವ ಸಾವಿರಾರು ಜನರ ದಾರಿಯ ಗುರುತು ಆ ಶನಿವಾರಗಳಲ್ಲಿದೆ. ಇಂಟರ್ನೆಟ್ ಬಂದದ್ದರಿಂದ ಈ ಪದವಿ ಆನ್‌ಲೈನ್ ಆಯಿತು ಎಂಬುದು ಅರ್ಧ ಮಾತು. ಕೆಲಸದಲ್ಲಿರುವ ಮುಖ್ಯೋಪಾಧ್ಯಾಯರನ್ನು ಶಾಲೆಯಿಂದ ಕೀಳದೆ ಓದಿಸುವುದು ಹೇಗೆ ಎಂಬ ಪ್ರಶ್ನೆ ಇಂಟರ್ನೆಟ್‌ಗಿಂತ ಬಹಳ ಹಳೆಯದು.

ಅಮೆರಿಕದ ಶಾಲಾ ಜಿಲ್ಲೆಗಳನ್ನು ನಡೆಸುವ ಸೂಪರಿಂಟೆಂಡೆಂಟ್ ಹುದ್ದೆ ನಮ್ಮ ಡಿಡಿಪಿಐ ಹುದ್ದೆಗೆ ಹತ್ತಿರದ್ದು. ಆದರೆ ಅವರನ್ನು ನೇಮಿಸುವುದು ಸಾಮಾನ್ಯವಾಗಿ ಸ್ಥಳೀಯ ಶಾಲಾ ಮಂಡಳಿ. ಹತ್ತೊಂಬತ್ತನೆಯ ಶತಮಾನದ ಕೊನೆಗೆ ನಗರಗಳು ಬೆಳೆದು ಶಾಲೆಗಳು ತುಂಬಿದಾಗ ಈ ಕೆಲಸ ಕಲಿಸುವ ಜಾಗವೇ ಇರಲಿಲ್ಲ. ಎಲ್‌ವುಡ್ ಕಬರ್ಲಿ ಸ್ಯಾನ್ ಡಿಯೇಗೊದಲ್ಲಿ ಎರಡು ವರ್ಷ ಸೂಪರಿಂಟೆಂಡೆಂಟ್ ಆಗಿದ್ದು 1898ರಲ್ಲಿ ಸ್ಟ್ಯಾನ್‌ಫರ್ಡ್ ಸೇರಿದರು. ಡಾಕ್ಟರೇಟ್ ಬೇಕೆಂದಾಗ ದೇಶದ ಈ ತುದಿಯಿಂದ ಆ ತುದಿಗೆ, ನ್ಯೂಯಾರ್ಕಿನ ಕೊಲಂಬಿಯಾದ ಟೀಚರ್ಸ್ ಕಾಲೇಜಿಗೆ ಹೋಗಬೇಕಾಯಿತು. 1905ರಲ್ಲಿ ಪಿಎಚ್.ಡಿ. ಪಡೆದು ಮರಳಿದರು. ಶಾಲಾಡಳಿತವೂ ಒಂದು ಶಾಸ್ತ್ರ, ಅದನ್ನು ಕಲಿತವರೇ ಶಾಲೆ ನಡೆಸಬೇಕು ಎಂದು ವಾದಿಸಿದ ಅವರ ಪಠ್ಯಪುಸ್ತಕಗಳು ದೇಶವಿಡೀ ನಡೆದವು. ಕಾರ್ಖಾನೆಯ ದಕ್ಷತೆಯ ಮಾದರಿಯಲ್ಲೇ ಅವರು ಶಾಲೆಯನ್ನು ನೋಡಿದರು. ಆ ದೃಷ್ಟಿಯ ಭಾರವನ್ನು ಅಮೆರಿಕದ ಶಾಲೆಗಳು ಬಹುಕಾಲ ಹೊತ್ತವು.

ನನಗೆ ಈ ಕಥೆಯ ನಿಜವಾದ ಮೂಲಪುರುಷ ಕಬರ್ಲಿ ಅನಿಸುವುದಿಲ್ಲ. ಎಲ್ಲಾ ಫ್ಲ್ಯಾಗ್ ಯಂಗ್ ಎಂಬ ಹೆಣ್ಣುಮಗಳು ಅನಿಸುತ್ತಾರೆ. ಹದಿಹರೆಯದಲ್ಲೇ ಶಿಕಾಗೊದಲ್ಲಿ ಪಾಠ ಹೇಳಲು ನಿಂತವರು ಅವರು. ಪ್ರಿನ್ಸಿಪಾಲರಾಗಿ, ಸಹಾಯಕ ಸೂಪರಿಂಟೆಂಡೆಂಟ್ ಆಗಿ ಶಾಲೆಗಳ ಒಳಹೊರಗನ್ನೆಲ್ಲ ಬಲ್ಲವರಾಗಿದ್ದರು. ಐವತ್ತರ ಆಸುಪಾಸಿನಲ್ಲಿ, ಹುದ್ದೆಯಲ್ಲಿರುವಾಗಲೇ, ಶಿಕಾಗೊ ವಿಶ್ವವಿದ್ಯಾಲಯದಲ್ಲಿ ತತ್ತ್ವಜ್ಞಾನಿ ಜಾನ್ ಡ್ಯೂಯಿ ನಡೆಸುತ್ತಿದ್ದ ತರಗತಿಗೆ ಹೋಗಿ ಕೂತರು. 1900ರಲ್ಲಿ ಪಿಎಚ್.ಡಿ. ಸಿಕ್ಕಿದಾಗ ಅವರಿಗೆ 55 ವರ್ಷ. ತೀರ್ಮಾನಗಳೆಲ್ಲ ಮೇಲಿನವರ ಕೈಯಲ್ಲಿದ್ದು ಶಿಕ್ಷಕರು ಒಂಟಿಯಾಗಿ ಉಳಿಯುವ ವ್ಯವಸ್ಥೆಯೇ ಅವರ ಪ್ರಬಂಧದ ವಸ್ತು. ಅದು ಪುಸ್ತಕದಿಂದ ಎತ್ತಿಕೊಂಡ ಪ್ರಶ್ನೆಯಾಗಿರಲಿಲ್ಲ, ದಶಕಗಳ ಕಾಲ ದಿನವೂ ಕಂಡದ್ದು. ಡ್ಯೂಯಿಯವರೂ ಯಂಗ್‌ರಿಂದ ತಾವು ಕಲಿತದ್ದನ್ನು ಮನಸಾರೆ ನೆನೆದಿದ್ದಾರೆ. 1909ರಲ್ಲಿ ಯಂಗ್ ಶಿಕಾಗೊದ ಸೂಪರಿಂಟೆಂಡೆಂಟ್ ಆದರು. ಅಮೆರಿಕದ ದೊಡ್ಡ ನಗರವೊಂದರ ಶಾಲಾ ವ್ಯವಸ್ಥೆಯ ಚುಕ್ಕಾಣಿ ಹಿಡಿದ ಮೊದಲ ಮಹಿಳೆ ಅವರು. ಆದರೆ ಅವರು ಓದಿದ ವಿಶ್ವವಿದ್ಯಾಲಯ ಅದೇ ಊರಿನಲ್ಲಿತ್ತು, ಡ್ಯೂಯಿಯಂಥ ಗುರು ಅಲ್ಲಿದ್ದರು. ಬೇರೆ ಊರಿನ ಹೆಡ್‌ಮಾಸ್ತರರಿಗೆ ಆ ಭಾಗ್ಯವಿರಲಿಲ್ಲ.

ನಮ್ಮಲ್ಲಿ ಬಿ.ಎಡ್., ಎಂ.ಎಡ್. ಗೊತ್ತು. ಅವುಗಳ ಮುಂದಿನ ಮೆಟ್ಟಿಲಾದ ಎಡ್.ಡಿ., ಅಂದರೆ ಡಾಕ್ಟರ್ ಆಫ್ ಎಜುಕೇಶನ್, ಹಾರ್ವರ್ಡ್‌ನಲ್ಲಿ ಹುಟ್ಟಿತು. 1920ರಲ್ಲಿ ಅಲ್ಲಿ ಶಿಕ್ಷಣಕ್ಕೊಂದು ಪ್ರತ್ಯೇಕ ಸ್ನಾತಕೋತ್ತರ ಶಾಲೆ ಶುರುವಾಯಿತು. ಪಿಎಚ್.ಡಿ. ಕೊಡುವ ಅಧಿಕಾರ ಕಲೆ ಮತ್ತು ವಿಜ್ಞಾನದವರ ಕೈಯಲ್ಲಿತ್ತು. ಹಾಗಾಗಿ ಹೊಸ ಶಾಲೆ ತನ್ನದೇ ಪದವಿ ಕಟ್ಟಿಕೊಂಡಿತು. ವೈದ್ಯರಿಗೆ ಎಂ.ಡಿ. ಇರುವಂತೆ ಶಾಲೆಯ ವೃತ್ತಿಪರರಿಗೆ ಇದು ಎಂಬುದು ಆಶಯ. ಹಾರ್ವರ್ಡ್‌ನಲ್ಲಿ ಹೆಣ್ಣುಮಕ್ಕಳನ್ನು ಪದವಿಗೆ ಸೇರಿಸಿಕೊಂಡ ಮೊದಲ ವಿಭಾಗವೂ ಇದೇ ಎಂಬುದನ್ನು ಇಲ್ಲಿ ಹೇಳಲೇಬೇಕು. 1934ರಲ್ಲಿ ಟೀಚರ್ಸ್ ಕಾಲೇಜು ಕೂಡ ಎಡ್.ಡಿ. ತಂದಿತು, ಬಳಿಕ ಉಳಿದವರು ಹಿಂಬಾಲಿಸಿದರು.

ಹೆಸರು ಬೇರೆಯಾದರೂ ಒಳಗಿನದು ಬೇರೆಯಾಗಲಿಲ್ಲ. ಪಿಎಚ್.ಡಿ.ಯವರಂತೆಯೇ ಐದು ಅಧ್ಯಾಯಗಳ ಪ್ರಬಂಧ, ಅದೇ ಸಂಖ್ಯಾಶಾಸ್ತ್ರ, ಕೊನೆಗೆ ಗ್ರಂಥಾಲಯದ ಕಪಾಟು. ಶಾಲೆಗೆ ಮರಳುವವರಿಗೆ ಅದರಿಂದ ದಕ್ಕಿದ್ದು ಕಡಿಮೆ. ಆದರೂ ಬೇಡಿಕೆ ಏರುತ್ತಲೇ ಹೋಯಿತು. ಅಮೆರಿಕದ ಬಹುತೇಕ ಶಾಲಾ ಜಿಲ್ಲೆಗಳಲ್ಲಿ ಪದವಿ ಹೆಚ್ಚಿದಂತೆ ಸಂಬಳದ ಶ್ರೇಣಿಯೂ ಏರುತ್ತದೆ, ಸೂಪರಿಂಟೆಂಡೆಂಟ್ ಹುದ್ದೆಗೆ ಡಾಕ್ಟರೇಟ್ ಇದ್ದವರಿಗೆ ಆದ್ಯತೆ ಸಿಗುತ್ತದೆ. ನೋವಾದ ಶನಿವಾರಗಳು ತುಂಬಿದ್ದಕ್ಕೆ ಓದಿನ ಆಸೆಯಷ್ಟೇ ಈ ಲೆಕ್ಕಾಚಾರವೂ ಕಾರಣ.

ಕ್ಯಾಂಪಸ್ ಇಲ್ಲದ ಡಾಕ್ಟರೇಟನ್ನು ಒಪ್ಪಿಕೊಳ್ಳಲು ಹಲವು ರಾಜ್ಯಗಳು ಸಿದ್ಧವಿರಲಿಲ್ಲ. ಫ್ಲಾರಿಡಾದ ಸಂಸ್ಥೆ ನಮ್ಮ ನೆಲದಲ್ಲಿ ಪಾಠ ಮಾಡಲು ನಮ್ಮ ಪರವಾನಗಿ ಬೇಡವೇ ಎಂದು ಕೇಳಿದವು. ನಾರ್ತ್ ಕ್ಯಾರೊಲೈನಾದಲ್ಲಿ ವಿಷಯ ಅಲ್ಲಿನ ಸುಪ್ರೀಂ ಕೋರ್ಟಿನವರೆಗೆ ಹೋಯಿತು. ಪದವಿ ಕೊಡುವುದು ಫ್ಲಾರಿಡಾದಲ್ಲಿ, ಇಲ್ಲಿ ನಡೆಯುವುದು ಬರೀ ಬೋಧನೆ, ಅದನ್ನು ನಿಯಂತ್ರಿಸುವ ಅಧಿಕಾರ ರಾಜ್ಯದ ಮಂಡಳಿಗಿಲ್ಲ ಎಂದು 1982ರಲ್ಲಿ ನ್ಯಾಯಾಲಯ ಹೇಳಿತು. ರಾಜಧಾನಿ ವಾಷಿಂಗ್ಟನ್‌ನಲ್ಲಿ ಎರಡು ವರ್ಷದ ನಂತರ ಬಂದ ತೀರ್ಪು ಇದಕ್ಕೆ ಉಲ್ಟಾ: ಪರವಾನಗಿ ಕೇಳುವುದು ಸರಿ ಎಂದಿತು. ಪಾಠ ಎಲ್ಲಿ ನಡೆಯುತ್ತದೆ, ಪದವಿ ಎಲ್ಲಿ ಹುಟ್ಟುತ್ತದೆ ಎಂಬ ಈ ತಕರಾರು ಆನ್‌ಲೈನ್ ಕಾಲದಲ್ಲಿ ಇನ್ನೂ ದೊಡ್ಡದಾಗಿ ಮರುಕಳಿಸಿತು.

ಈ ತೀರ್ಪುಗಳಿಗೂ ಬಹಳ ಮುಂಚೆಯೇ ನ್ಯೂಯಾರ್ಕಿನ ಶಿಕ್ಷಕ ದಂಪತಿ ಬರ್ನಾರ್ಡ್ ಮತ್ತು ರೀಟಾ ಟರ್ನರ್ 1970ರಲ್ಲಿ ವಾಲ್ಡನ್ ಎಂಬ ಸಂಸ್ಥೆ ಕಟ್ಟಿದ್ದರು. ಕೆಲಸದಲ್ಲಿರುವವರು ತಮ್ಮ ವೃತ್ತಿಯ ಸಮಸ್ಯೆಯ ಮೇಲೇ ಡಾಕ್ಟರೇಟ್ ಮಾಡಲಿ ಎಂಬುದು ಅವರ ಕನಸು. ಎಂಬತ್ತರ ದಶಕದಲ್ಲಿ ನೋವಾದ ಕೆಲವು ವಿದ್ಯಾರ್ಥಿಗಳು ಟೆಲಿಫೋನ್ ತಂತಿಗೆ ಮೋಡೆಮ್ ಜೋಡಿಸಿ ವಿಶ್ವವಿದ್ಯಾಲಯದ ಕಂಪ್ಯೂಟರಿಗೆ ಬರಹ ಕಳಿಸತೊಡಗಿದರು. ತೊಂಬತ್ತರ ದಶಕದಲ್ಲಿ ಮಿನಿಯಾಪೊಲಿಸ್‌ನಲ್ಲಿ ಮುಂದೆ ಕಪೆಲ್ಲಾ ಆದ ಸಂಸ್ಥೆ ಹುಟ್ಟಿತು. ಆದರೆ ಪ್ರವಾಹಕ್ಕೆ ಕಟ್ಟೆ ಒಂದಿತ್ತು. ಅಂಚೆ ಶಿಕ್ಷಣದ ಹೆಸರಿನಲ್ಲಿ ನಡೆಯುತ್ತಿದ್ದ ಮೋಸ ತಡೆಯಲು 1992ರಲ್ಲಿ ಅಮೆರಿಕದ ಸಂಸತ್ತು ಒಂದು ನಿಯಮ ತಂದಿತ್ತು. ಅರ್ಧಕ್ಕಿಂತ ಹೆಚ್ಚು ಪಾಠ ದೂರದಿಂದ ನಡೆಸುವ, ಅಥವಾ ಅರ್ಧಕ್ಕಿಂತ ಹೆಚ್ಚು ವಿದ್ಯಾರ್ಥಿಗಳು ದೂರದವರೇ ಆಗಿರುವ ಸಂಸ್ಥೆಗೆ ಸರ್ಕಾರದ ವಿದ್ಯಾರ್ಥಿ ಸಾಲ, ನೆರವು ಸಿಗುತ್ತಿರಲಿಲ್ಲ. 2006ರ ಫೆಬ್ರುವರಿಯಲ್ಲಿ ಆನ್‌ಲೈನ್ ಪಾಠಕ್ಕೆ ಆ ನಿಯಮ ಅನ್ವಯಿಸುವುದು ನಿಂತಿತು. ಪೂರ್ತಿ ಆನ್‌ಲೈನ್ ಓದಿಗೂ ಸಾಲ ಸಿಗುವಂತಾಯಿತು. ಆಮೇಲೆ ಆದದ್ದಕ್ಕೆ ತಂತ್ರಜ್ಞಾನಕ್ಕಿಂತ ಈ ಸಾಲದ ಬಾಗಿಲು ತೆರೆದದ್ದೇ ದೊಡ್ಡ ಕಾರಣವೆಂದು ನಾನು ನಂಬುತ್ತೇನೆ.

ಬಾಗಿಲು ತೆರೆಯುವ ಹೊತ್ತಿಗೆ ಪದವಿಯೇ ಕಟಕಟೆಯಲ್ಲಿ ನಿಂತಿತ್ತು. ಟೀಚರ್ಸ್ ಕಾಲೇಜಿನ ಅಧ್ಯಕ್ಷರಾಗಿದ್ದ ಆರ್ಥರ್ ಲೆವಿನ್ 2005ರಲ್ಲಿ ಶಾಲಾ ನಾಯಕರ ತರಬೇತಿ ಕುರಿತ ವರದಿಯಲ್ಲಿ ಎಡ್.ಡಿ.ಯನ್ನು ರದ್ದು ಮಾಡಿ ಎಂದೇ ಬರೆದರು. ವಿಶ್ವವಿದ್ಯಾಲಯಗಳಿಗೆ ಇದು ದುಡ್ಡಿನ ದಾರಿಯಾಗಿದೆ, ಶಾಲೆ ನಡೆಸಲು ಈ ಪ್ರಬಂಧದ ಅಗತ್ಯವಿಲ್ಲ, ಎಂಬಿಎಯಂಥ ಗಟ್ಟಿ ಸ್ನಾತಕೋತ್ತರ ಪದವಿ ಸಾಕು ಎಂಬುದು ವಾದ. ಮರುವರ್ಷ ಶಿಕ್ಷಣತಜ್ಞ ಲೀ ಶುಲ್ಮನ್ ಮತ್ತು ಜೊತೆಗಾರರು ಇನ್ನೊಂದು ದಾರಿ ತೋರಿಸಿದರು: ಪದವಿಯನ್ನು ಕೊಲ್ಲುವುದು ಬೇಡ, ಪಿಎಚ್.ಡಿ.ಯ ನೆರಳಿನಿಂದ ಹೊರತಂದು ಅದರದೇ ಸ್ವರೂಪ ಕೊಡಿ. 2007ರಲ್ಲಿ ಕಾರ್ನೆಗಿ ಪ್ರತಿಷ್ಠಾನದ ಆಸರೆಯಲ್ಲಿ ಇಪ್ಪತ್ತಕ್ಕೂ ಹೆಚ್ಚು ವಿಶ್ವವಿದ್ಯಾಲಯಗಳು ಇದಕ್ಕೆಂದೇ ಒಟ್ಟುಗೂಡಿದವು. ಇಂದು ಆ ಒಕ್ಕೂಟದಲ್ಲಿ ನೂರಕ್ಕೂ ಹೆಚ್ಚು ಸಂಸ್ಥೆಗಳಿವೆ. ಹಾರ್ವರ್ಡ್ ಬೇರೆ ಹಾದಿ ಹಿಡಿಯಿತು. 2010ರಲ್ಲಿ ಶಾಲಾ ನಾಯಕರಿಗೆಂದೇ ಎಡ್.ಎಲ್.ಡಿ. ಎಂಬ ಹೊಸ ಡಾಕ್ಟರೇಟ್ ಶುರು ಮಾಡಿ, ತಾನೇ ಹೆತ್ತ ಎಡ್.ಡಿ.ಗೆ ಕೆಲ ವರ್ಷಗಳಲ್ಲಿ ವಿದಾಯ ಹೇಳಿತು.

ಹೊಸ ಸ್ವರೂಪವೆಂದರೆ ಏನು? ಒಂದು ಹೈಸ್ಕೂಲನ್ನು ಊಹಿಸಿಕೊಳ್ಳಿ. ಒಂಬತ್ತನೆಯ ತರಗತಿಯ ಮಕ್ಕಳು ಬಹಳ ಗೈರಾಗುತ್ತಾರೆ. ಅಮೆರಿಕದಲ್ಲಿ ಶಾಲಾ ದಿನಗಳ ಹತ್ತನೇ ಒಂದು ಭಾಗ, ಅಂದರೆ 180 ದಿನಗಳಲ್ಲಿ 18 ದಿನ, ತಪ್ಪಿಸಿದರೆ ಅದನ್ನು ದೀರ್ಘಕಾಲದ ಗೈರು ಎನ್ನುತ್ತಾರೆ. ಆ ಶಾಲೆಯ ಪ್ರಿನ್ಸಿಪಾಲರು ಆನ್‌ಲೈನ್ ಎಡ್.ಡಿ. ವಿದ್ಯಾರ್ಥಿನಿ. ವಾರಕ್ಕೊಂದು ರಾತ್ರಿ ಊಟ ಮುಗಿಸಿ ಪರದೆಯ ಮುಂದೆ ಕೂರುತ್ತಾರೆ. ಬೇರೆ ಬೇರೆ ರಾಜ್ಯಗಳ ಹತ್ತು ಹನ್ನೆರಡು ಸಹಪಾಠಿಗಳು ಪುಟ್ಟ ಚೌಕಗಳಲ್ಲಿ ಕಾಣಿಸುತ್ತಾರೆ. ಮೊದಲ ಪಾಠವೇ ಪರಿಹಾರದ ಮಾತಾಡಬಾರದು ಎಂಬುದು. ಕಾಗದದ ಮೇಲೆ ಮೀನಿನ ಅಸ್ಥಿಪಂಜರದಂಥ ಚಿತ್ರ ಬರೆಯಬೇಕು. ತಲೆಯ ಕಡೆ ಗೈರು, ಒಂದೊಂದು ಮುಳ್ಳಿಗೂ ಒಂದೊಂದು ಕಾರಣ: ಬಸ್ಸು, ಮನೆಯ ಕೆಲಸ, ಕಾಯಿಲೆ, ಬೇಸರ ತರಿಸುವ ಮೊದಲ ಪೀರಿಯಡ್. ಪೋಷಕರ ಅಸಡ್ಡೆಯೇ ಕಾರಣವೆಂದು ನಂಬಿದ್ದವರಿಗೆ ಮಕ್ಕಳನ್ನು ಮಾತಾಡಿಸಿದಾಗ ಬಸ್ಸಿನ ವೇಳೆ ಎದ್ದು ಕಾಣಬಹುದು. ಆಗ ಒಂದು ಸಣ್ಣ ಬದಲಾವಣೆ ಮಾಡಿ, ಕೆಲವು ವಾರ ಅಳೆದು, ತಿದ್ದಿ, ಮತ್ತೆ ಮಾಡಬೇಕು. ಕಾರ್ಖಾನೆಗಳಲ್ಲಿ ಹುಟ್ಟಿ ಆಸ್ಪತ್ರೆಗಳನ್ನು ಹಾದು ಬಂದ ಈ ಕ್ರಮವನ್ನು ಶಾಲೆಗಳಿಗೆ ತಂದವರಲ್ಲಿ ಶಿಕ್ಷಣ ಸಂಶೋಧಕ ಆಂಥೊನಿ ಬ್ರೈಕ್ ಪ್ರಮುಖರು.

ಇಲ್ಲೊಂದು ಸೂಕ್ಷ್ಮವಿದೆ, ಈ ಪದವಿಯ ಮರ್ಯಾದೆ ಅದರಲ್ಲೇ ಇದೆ. ಸಂಶೋಧಕಿ ಅದೇ ಶಾಲೆಯ ಮುಖ್ಯಸ್ಥೆ. ಅವರು ಸಂದರ್ಶಿಸುವ ಶಿಕ್ಷಕರ ವಾರ್ಷಿಕ ಮೌಲ್ಯಮಾಪನ ಬರೆಯುವವರೂ ಅವರೇ. ಹಾಗಿರುವಾಗ ಶಿಕ್ಷಕರು ಮನಸ್ಸು ಬಿಚ್ಚಿ ಮಾತಾಡುತ್ತಾರೆಯೇ, ಒಲ್ಲೆ ಎನ್ನಬಲ್ಲರೇ? ವಿಶ್ವವಿದ್ಯಾಲಯದ ನೈತಿಕ ಪರಿಶೀಲನಾ ಮಂಡಳಿ ಒಪ್ಪುವ ಮುನ್ನ ಇದನ್ನು ಕೇಳುತ್ತದೆ. ಹೊರಗಿನ ಯಾರಾದರೂ ಸಂದರ್ಶನ ಮಾಡಬೇಕು, ಹೆಸರು ಅಳಿಸಿಯೇ ಉತ್ತರ ಸಂಶೋಧಕಿಯ ಕೈ ಸೇರಬೇಕು ಎಂಬಂಥ ಏರ್ಪಾಟು ಬೇಕಾಗುತ್ತದೆ. ಒಳ್ಳೆಯ ಮಾರ್ಗದರ್ಶಕರಿದ್ದರೆ ಅಧಿಕಾರದಲ್ಲಿರುವ ಮನುಷ್ಯ ಕೇಳಿಸಿಕೊಳ್ಳುವುದನ್ನು ಕಲಿಯುವುದು ಇಲ್ಲೇ. ಎಲ್ಲಾ ಫ್ಲ್ಯಾಗ್ ಯಂಗ್ ಬರೆದ ಶಿಕ್ಷಕರ ಒಂಟಿತನಕ್ಕೆ ನೂರು ವರ್ಷದ ನಂತರ ಸಿಕ್ಕ ಉತ್ತರದಂತೆ ನನಗೆ ಇದು ಕಾಣುತ್ತದೆ.

ಇಂಥ ಮಾರ್ಗದರ್ಶನ ಅಗ್ಗವಲ್ಲ. ಒಬ್ಬ ಪ್ರಾಧ್ಯಾಪಕರಿಗೆ ಎಷ್ಟು ಮಂದಿ ವಿದ್ಯಾರ್ಥಿಗಳು ಎಂಬುದರ ಮೇಲೆ ಎಲ್ಲವೂ ನಿಂತಿದೆ. ಪಾಠಗಳನ್ನು ರೆಕಾರ್ಡ್ ಮಾಡಿ ಸಾವಿರ ಜನಕ್ಕೆ ಕೊಡಬಹುದು, ಪ್ರಬಂಧದ ಕರಡನ್ನು ಒಬ್ಬೊಬ್ಬರದಾಗಿಯೇ ಓದಬೇಕು. ಪಾಠವೆಲ್ಲ ಮುಗಿದು ಪ್ರಬಂಧ ಮಾತ್ರ ಉಳಿದವರು ಎಲ್ಲ ಡಾಕ್ಟರೇಟ್‌ಗಳಲ್ಲೂ ಇರುತ್ತಾರೆ. ಆದರೆ ಆನ್‌ಲೈನಿನಲ್ಲಿ ಒಂಟಿಯಾಗಿ, ಪ್ರತಿ ಸೆಮಿಸ್ಟರಿಗೂ ಶುಲ್ಕ ಕಟ್ಟುತ್ತಾ, ಉತ್ತರ ಬರೆಯದ ಮಾರ್ಗದರ್ಶಕರಿಗಾಗಿ ಕಾಯುವವರ ಸಾಲದ ಹೊರೆ ಭೀಕರ. ಹೆಸರಾಂತ ಕ್ಯಾಂಪಸ್‌ಗಳೂ ಕಳಂಕದಿಂದ ಹೊರಗುಳಿಯಲಿಲ್ಲ. ಸದರ್ನ್ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ರಾಸಿಯರ್ ಶಿಕ್ಷಣ ಶಾಲೆ, ರ‍್ಯಾಂಕಿಂಗ್ ಲೆಕ್ಕಕ್ಕೆ ಎಡ್.ಡಿ. ವಿದ್ಯಾರ್ಥಿಗಳ ಪ್ರವೇಶದ ಅಂಕಿಗಳನ್ನು ಬಿಟ್ಟು ಪಿಎಚ್.ಡಿ.ಯವರದ್ದಷ್ಟೇ ವರ್ಷಗಟ್ಟಲೆ ಕೊಟ್ಟಿತ್ತೆಂದು 2022ರ ತನಿಖೆಯಲ್ಲಿ ಹೊರಬಿತ್ತು. ಶುಲ್ಕಕ್ಕೆ ಬೇಕಾದ ವಿದ್ಯಾರ್ಥಿಗಳು ಲೆಕ್ಕಕ್ಕೆ ಬೇಡವಾಗಿದ್ದರು.

ಈ ಅಸಡ್ಡೆ ಹೊರಗೂ ಇದೆ. ಡೆಲವೇರ್ ವಿಶ್ವವಿದ್ಯಾಲಯದಿಂದ 2007ರಲ್ಲಿ ಶೈಕ್ಷಣಿಕ ನಾಯಕತ್ವದಲ್ಲಿ ಎಡ್.ಡಿ. ಪಡೆದ, ಆಗ ಅಧ್ಯಕ್ಷರಾಗಿ ಆಯ್ಕೆಯಾಗಿದ್ದ ಜೋ ಬೈಡನ್ ಅವರ ಪತ್ನಿ ಜಿಲ್ ಬೈಡನ್ ತಮ್ಮ ಹೆಸರಿನ ಮುಂದೆ ಡಾಕ್ಟರ್ ಎಂದು ಬರೆಯುವುದನ್ನು ಬಿಡಲಿ ಎಂದು 2020ರ ಡಿಸೆಂಬರ್‌ನಲ್ಲಿ ವಾಲ್ ಸ್ಟ್ರೀಟ್ ಜರ್ನಲ್‌ನಲ್ಲಿ ಲೇಖನವೇ ಬಂತು. ಸಮುದಾಯ ಕಾಲೇಜಿನ ಮಕ್ಕಳು ನಡುವೆ ಓದು ಬಿಡದಂತೆ ಉಳಿಸಿಕೊಳ್ಳುವುದು ಹೇಗೆ ಎಂಬುದು ಅವರ ಪ್ರಬಂಧದ ವಿಷಯ, ತಾವೇ ಪಾಠ ಹೇಳುತ್ತಿದ್ದಂಥ ಕಾಲೇಜಿನ ಸಮಸ್ಯೆ. ಅದನ್ನು ಕೀಳಾಗಿ ಕಾಣುವವರು ತರಗತಿಯ ಹಿಂದಿನ ಬೆಂಚು ಖಾಲಿಯಾಗುವುದನ್ನು ನೋಡಿರಲಾರರು.

ಭಾರತದಲ್ಲಿ ಕಥೆ ಬೇರೆ. ಇಲ್ಲಿ ಎಡ್.ಡಿ. ರೂಢಿಯಲ್ಲಿಲ್ಲ. ಆನ್‌ಲೈನ್ ಮತ್ತು ದೂರಶಿಕ್ಷಣದಲ್ಲಿ ಪಿಎಚ್.ಡಿ. ಕೊಡುವುದನ್ನು ಯುಜಿಸಿ ಒಪ್ಪುವುದಿಲ್ಲ. ವಿದೇಶಿ ವಿಶ್ವವಿದ್ಯಾಲಯದ ಹೆಸರಿನಲ್ಲಿ ಎಜುಟೆಕ್ ಕಂಪನಿಗಳು ಕೊಡುವ ಆನ್‌ಲೈನ್ ಪಿಎಚ್.ಡಿ.ಗೆ ಮಾನ್ಯತೆ ಇಲ್ಲ ಎಂದು 2022ರ ಅಕ್ಟೋಬರ್‌ನಲ್ಲಿ ಯುಜಿಸಿ, ಎಐಸಿಟಿಇ ಎರಡೂ ಸೇರಿ ಎಚ್ಚರಿಸಿದವು. ಮರುತಿಂಗಳೇ ಬಂದ ಹೊಸ ನಿಯಮಾವಳಿ ಇನ್ನೊಂದು ಬಾಗಿಲು ತೆರೆದಿಟ್ಟಿತು: ಕೆಲಸದಲ್ಲಿದ್ದುಕೊಂಡೇ, ಇಲಾಖೆಯ ನಿರಾಕ್ಷೇಪಣಾ ಪತ್ರದೊಂದಿಗೆ, ಅರೆಕಾಲಿಕ ಪಿಎಚ್.ಡಿ. ಮಾಡಬಹುದು. ಶಾಲಾ ನಾಯಕತ್ವದ ತರಬೇತಿಗೆ ದೆಹಲಿಯ ರಾಷ್ಟ್ರೀಯ ಶೈಕ್ಷಣಿಕ ಯೋಜನೆ ಮತ್ತು ಆಡಳಿತ ಸಂಸ್ಥೆಯಲ್ಲಿ (ನೀಪಾ) 2012ರಿಂದ ರಾಷ್ಟ್ರೀಯ ಕೇಂದ್ರವಿದೆ. ಆದರೆ ತರಬೇತಿ ಬೇರೆ, ತನ್ನ ಶಾಲೆಯ ಸಮಸ್ಯೆಯನ್ನು ಮೂರು ವರ್ಷ ಬೆನ್ನು ಹತ್ತುವ ಓದು ಬೇರೆ.

ಕರ್ನಾಟಕದ ಮುಖ್ಯೋಪಾಧ್ಯಾಯರೊಬ್ಬರ ಮೇಜಿನ ಮೇಲೆ ಏನಿದೆ ನೋಡಿ. ಬಿಸಿಯೂಟದ ಲೆಕ್ಕ, ಎಸ್‌ಡಿಎಂಸಿ ಸಭೆಯ ನಡಾವಳಿ, ಎಸ್‌ಎಟಿಎಸ್‌ನಲ್ಲಿ ತುಂಬಬೇಕಾದ ಹಾಜರಾತಿ. ಕೊಯ್ಲಿನ ತಿಂಗಳಲ್ಲಿ ಯಾವ ತರಗತಿಯ ಎಷ್ಟು ಮಕ್ಕಳು ಬರುವುದಿಲ್ಲ, ವಲಸೆ ಹೋದವರಲ್ಲಿ ಎಷ್ಟು ಮಂದಿ ಮರಳುತ್ತಾರೆ ಎಂಬುದು ಅವರಿಗೆ ಬಾಯಿಪಾಠ. ಪ್ರಬಂಧಕ್ಕೆ ಬೇಕಾದ ಸಾಮಗ್ರಿ ಎದುರಿಗೇ ಇದೆ. ಇಲ್ಲದಿರುವುದು ಅದನ್ನು ಓದಾಗಿ ಒಪ್ಪಿಕೊಳ್ಳುವ ಪದವಿ. ಇಂಥದ್ದನ್ನು ನಮ್ಮ ವಿಶ್ವವಿದ್ಯಾಲಯಗಳು ತಾವೇ ಕಟ್ಟಲಿ ಎಂದು ನಾನು ಬಯಸುತ್ತೇನೆ. ಅಲ್ಲಿಯವರೆಗೆ ವಿದೇಶದ ಆನ್‌ಲೈನ್ ಡಾಕ್ಟರೇಟಿನತ್ತ ಕಣ್ಣಿಟ್ಟಿರುವ ಶಿಕ್ಷಕ ಮಿತ್ರರು, ಮೊದಲ ಕಂತು ಕಟ್ಟುವ ಮುಂಚೆಯೇ, ಬಡ್ತಿಗೆ ಆ ಪದವಿ ನಡೆಯುತ್ತದೆಯೇ ಎಂದು ಇಲಾಖೆಯಿಂದ ಬರಹದಲ್ಲಿ ತರಿಸಿಕೊಳ್ಳಲಿ. ಮಾರ್ಗದರ್ಶಕರೊಬ್ಬರ ಕೈಕೆಳಗೆ ಈಗ ಎಷ್ಟು ವಿದ್ಯಾರ್ಥಿಗಳಿದ್ದಾರೆ, ಐದು ವರ್ಷದ ಹಿಂದೆ ಸೇರಿದವರಲ್ಲಿ ಎಷ್ಟು ಮಂದಿ ಮುಗಿಸಿದ್ದಾರೆ ಎಂದು ವಿಶ್ವವಿದ್ಯಾಲಯವನ್ನೇ ನೇರವಾಗಿ ಕೇಳಲಿ.